ಹಸಿ ಬಟ್ಟೆ ಒಣಗಲು ಎಷ್ಟು ಕರೆಂಟು ಬೇಕು?

ಮಕ್ಕಳೇ, ಇವತ್ತು ಒಂದು ಟವೆಲ್ಲನ್ನು ತೂಗೋಣ ಬನ್ನಿ. ಅಡುಗೆಮನೆಯ ಪುಟ್ಟ ತಕ್ಕಡಿ ಇದ್ದರೆ ಸಾಕು. ಒಣಗಿದ ಹತ್ತಿ ಟವೆಲ್ಲು 300 ಗ್ರಾಂ ಇದೆ ಎಂದುಕೊಳ್ಳಿ. ಅದನ್ನು ನೆನೆಸಿ, ಒಗೆದು, ಜಾಲಿಸಿ, ಎರಡೂ ಕೈಯಿಂದ ಚೆನ್ನಾಗಿ ಹಿಂಡಿ ಮತ್ತೆ ತೂಗಿ. ಈಗ 600 ಗ್ರಾಂ ಆಸುಪಾಸು ತೋರಿಸುತ್ತದೆ. ಇನ್ನೆಷ್ಟು ಹಿಂಡಿದರೂ ಹನಿ ಬೀಳದ ಆ ಟವೆಲ್ಲಿನೊಳಗೆ 300 ಗ್ರಾಂ, ಅಂದರೆ ದೊಡ್ಡ ಲೋಟದ ತುಂಬ ನೀರು ಇನ್ನೂ ಅಡಗಿದೆ! ಹತ್ತಿಯ ಎಳೆಗಳ ನಡುವಿನ ಸಣ್ಣ ಸಣ್ಣ ಸಂದುಗಳು ಅದನ್ನು ಬಿಗಿಯಾಗಿ ಹಿಡಿದುಕೊಂಡಿವೆ.

ಈಗ ಟವೆಲ್ಲನ್ನು ತಾರಸಿಯ ಹಗ್ಗದ ಮೇಲೆ ಹರವಿ. ಒಳ್ಳೆಯ ಬಿಸಿಲಿದ್ದರೆ ಊಟದ ಹೊತ್ತಿಗೆ ಗರಿಗರಿಯಾಗಿ ಒಣಗಿರುತ್ತದೆ. ಮತ್ತೆ ತೂಗಿದರೆ ಮೊದಲಿನ 300 ಗ್ರಾಂ. ಒಂದು ಲೋಟ ನೀರು ಯಾರ ಕಣ್ಣಿಗೂ ಕಾಣದೆ ಹೊರಟುಹೋಯಿತು. ಅದನ್ನು ಹೊರಡಿಸಲು ಎಷ್ಟು ಶಕ್ತಿ ಬೇಕಾಯಿತು ಗೊತ್ತೇ? ಅದೇ ಕೆಲಸವನ್ನು ಕರೆಂಟಿನಿಂದ ಮಾಡಿಸಿದ್ದರೆ ಎಷ್ಟು ಖರ್ಚಾಗುತ್ತಿತ್ತು? ಲೆಕ್ಕ ಹಾಕಿ ನೋಡೋಣ.

ಆವಿಯಾಗುವುದು ಅಷ್ಟು ಸುಲಭವಲ್ಲ

ನೀರಿನ ಕಣಗಳು ಒಂದನ್ನೊಂದು ಸೆಳೆದು ಹಿಡಿದಿರುತ್ತವೆ. ಒಂದು ಕಣ ಆ ಹಿಡಿತದಿಂದ ಬಿಡಿಸಿಕೊಂಡು ಗಾಳಿಗೆ ಹಾರಬೇಕಾದರೆ ಅದಕ್ಕೆ ಶಾಖ ಬೇಕು. ಆ ಶಾಖವನ್ನು ಅದು ಅಕ್ಕಪಕ್ಕದಿಂದಲೇ ಎಳೆದುಕೊಳ್ಳುತ್ತದೆ. ಒದ್ದೆ ಕರ್ಚೀಫನ್ನು ಗಾಳಿಗೆ ಹಿಡಿದು, ಆಮೇಲೆ ಕೆನ್ನೆಗೆ ಒತ್ತಿಕೊಳ್ಳಿ. ತಣ್ಣಗಿದೆ ಅಲ್ಲವೇ? ಹಾರಿಹೋದ ಕಣಗಳು ಬಟ್ಟೆಯ ಶಾಖವನ್ನೂ ಜೊತೆಗೆ ಕೊಂಡುಹೋಗಿವೆ. ಜ್ವರ ಬಂದಾಗ ಅಮ್ಮ ಹಣೆಗೆ ಒದ್ದೆ ಬಟ್ಟೆ ಇಡುವುದರಲ್ಲೂ ಇದೇ ವಿಜ್ಞಾನವಿದೆ.

ಈ ಶಾಖ ಎಷ್ಟು? ಒಂದು ಲೀಟರ್ ತಣ್ಣೀರನ್ನು 25 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು ಸುಮಾರು 315 ಕಿಲೋಜೂಲ್ ಸಾಕು. ಆದರೆ ಕುದಿಯುವ ಆ ಒಂದು ಲೀಟರನ್ನು ಪೂರ್ತಿ ಆವಿ ಮಾಡಲು ಸುಮಾರು 2,260 ಕಿಲೋಜೂಲ್ ಬೇಕು. ಏಳು ಪಟ್ಟು! ಪಾತ್ರೆಯ ನೀರು ಕುದಿ ಬರಲು ಕೆಲವೇ ನಿಮಿಷ ಸಾಕಾದರೂ, ಅದೆಲ್ಲ ಬತ್ತಿಹೋಗಲು ಬಹಳ ಹೊತ್ತು ಹಿಡಿಯುವುದು ಇದಕ್ಕೇ.

ಬಟ್ಟೆಯಲ್ಲಿರುವ ನೀರು ಕುದಿಯದೆಯೇ ಆವಿಯಾಗುತ್ತದೆ, ನಿಜ. ಆದರೂ ಶಾಖದ ಲೆಕ್ಕದಲ್ಲಿ ರಿಯಾಯಿತಿ ಸಿಗುವುದಿಲ್ಲ. ಹಗ್ಗದ ಮೇಲೆ ಒಂದು ಲೀಟರ್ ನೀರು ಆರಲು ಸುಮಾರು 2,400 ಕಿಲೋಜೂಲ್ ಬೇಕೇ ಬೇಕು.

ನಿಮ್ಮ ಮನೆಯ ಮೀಟರಿನಲ್ಲಿ ಓಡುವ ಒಂದು ಯೂನಿಟ್ ಅಂದರೆ 3,600 ಕಿಲೋಜೂಲ್. ಹಾಗಾಗಿ ಒಂದು ಲೀಟರ್ ನೀರನ್ನು ಒಣಗಿಸುವ ಕೆಲಸ ಸುಮಾರು ಮೂರನೇ ಎರಡು ಯೂನಿಟ್ಟಿಗೆ ಸಮ. ನಮ್ಮ ಟವೆಲ್ಲಿನಲ್ಲಿದ್ದ 300 ಗ್ರಾಂ ನೀರಿಗೆ 0.2 ಯೂನಿಟ್. ಕಡಿಮೆ ಅನ್ನಿಸಿತೇ? ಅಷ್ಟು ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು 22 ಗಂಟೆ ಉರಿಯುತ್ತದೆ.

ಎರಡು ಬಗೆಯ ಡ್ರೈಯರ್

ನಮ್ಮ ಕಡೆ ವಾಷಿಂಗ್ ಮೆಷಿನ್ನಿನಲ್ಲಿ ಬಟ್ಟೆಯನ್ನು ಗರಗರ ತಿರುಗಿಸಿ ನೀರು ತೆಗೆಯುವ ತೊಟ್ಟಿಯನ್ನು ‘ಡ್ರೈಯರ್’ ಅನ್ನುತ್ತಾರೆ. ಅದು ಶಾಖ ಕೊಡುವುದಿಲ್ಲ. ಜೋರಾಗಿ ತಿರುಗಿದಾಗ ನೀರು ನೀರಾಗಿಯೇ ತೂತುಗಳಿಂದ ಹೊರಕ್ಕೆ ಸಿಡಿಯುತ್ತದೆ. ಆವಿಯಾಗಬೇಕಿಲ್ಲವಾದ್ದರಿಂದ ಖರ್ಚು ಅತಿ ಕಡಿಮೆ. 200 ವ್ಯಾಟಿನ ಮೋಟಾರು ಐದು ನಿಮಿಷ ತಿರುಗಿದರೆ ಒಂದು ಯೂನಿಟ್ಟಿನ ಅರವತ್ತನೇ ಒಂದು ಭಾಗ ಮಾತ್ರ.

ಇನ್ನೊಂದು ಬಗೆ, ಬಿಸಿ ಗಾಳಿ ಊದಿ ಬಟ್ಟೆಯನ್ನು ಪೂರ್ತಿ ಒಣಗಿಸಿಕೊಡುವ ಯಂತ್ರ. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಈಗ ಅಲ್ಲಲ್ಲಿ ಕಾಣುತ್ತದೆ, ವಿದೇಶದ ಎಷ್ಟೋ ಮನೆಗಳಲ್ಲಿ ಮಾಮೂಲು. ಐದು ಕಿಲೋ ಬಟ್ಟೆಯನ್ನು ತಿರುಗಿಸಿ ನೀರು ತೆಗೆದ ಮೇಲೂ ಅದರಲ್ಲಿ ಎರಡೂವರೆ ಲೀಟರಿನಷ್ಟು ನೀರು ಉಳಿದಿರುತ್ತದೆ. ಅದನ್ನು ಆವಿ ಮಾಡಲು ಸುಮಾರು 1.7 ಯೂನಿಟ್ ಬೇಕು. ಬಟ್ಟೆ, ಡಬ್ಬಿ, ಗಾಳಿ ಎಲ್ಲವೂ ಬಿಸಿಯಾಗಬೇಕಲ್ಲ, ಹಾಗಾಗಿ ಹೀಟರ್ ಇರುವ ಯಂತ್ರಕ್ಕೆ ಒಂದು ಸಲಕ್ಕೆ ಮೂರು ಯೂನಿಟ್ ಆಸುಪಾಸು ಹಿಡಿಯುತ್ತದೆ. ಆವಿಯ ಶಾಖವನ್ನೇ ಹಿಡಿದು ಮತ್ತೆ ಬಳಸುವ ಹೀಟ್ ಪಂಪ್ ಯಂತ್ರಗಳೂ ಬಂದಿವೆ. ಅವು ಸುಮಾರು ಅರ್ಧದಷ್ಟು ಉಳಿಸುತ್ತವೆ.

ಮೂರು ಯೂನಿಟ್ ಅಂದರೆ ನಿಮ್ಮ 9 ವ್ಯಾಟಿನ ಬಲ್ಬನ್ನು ದಿನಕ್ಕೆ ಐದು ಗಂಟೆಯಂತೆ ಎರಡು ತಿಂಗಳಿಗೂ ಹೆಚ್ಚು ಕಾಲ ಉರಿಸುವಷ್ಟು. ವಾರಕ್ಕೆ ಮೂರು ಸಲ ಹೀಗೆ ಒಣಗಿಸಿದರೆ ವರ್ಷಕ್ಕೆ 468 ಯೂನಿಟ್.

ಬಿಸಿಲಿನ ಪಾಲು, ಗಾಳಿಯ ಪಾಲು

ಹಾಗಾದರೆ ಹಗ್ಗದ ಮೇಲಿನ ಬಟ್ಟೆಗೆ ಅಷ್ಟು ಶಾಖ ಕೊಡುವವರು ಯಾರು? ಮೊದಲು ಸೂರ್ಯ. ನಡುಮಧ್ಯಾಹ್ನ, ಮೋಡವಿಲ್ಲದಾಗ, ಒಂದು ಚದರ ಮೀಟರ್ ಜಾಗದ ಮೇಲೆ ನೇರವಾಗಿ ಬೀಳುವ ಬಿಸಿಲಿನಲ್ಲಿ ಸುಮಾರು 1,000 ವ್ಯಾಟ್ ಇರುತ್ತದೆ. ಒಂದು ಇಸ್ತ್ರಿಪೆಟ್ಟಿಗೆಗೆ ಬೇಕಾಗುವಷ್ಟು! ರಾಮನಗರದ ಬಂಡೆಗಳ ಮೇಲೆ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ನಿಂತವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು.

ಆದರೆ ಬಿಸಿಲೊಂದೇ ಸಾಲದು. ಬಟ್ಟೆಯಿಂದ ಹೊರಟ ಆವಿ ಮೊದಲು ಬಟ್ಟೆಗೆ ಅಂಟಿದ ತೆಳುವಾದ ಗಾಳಿಯ ಪದರದಲ್ಲಿ ಸೇರುತ್ತದೆ. ಆ ಪದರವನ್ನು ರಾಮನಗರದ ನಿಲ್ದಾಣದಲ್ಲಿ ನಿಂತ ಬಸ್ಸು ಎಂದುಕೊಳ್ಳಿ. ಸೀಟೆಲ್ಲ ತುಂಬಿದ ಮೇಲೂ ಬಸ್ಸು ಅಲ್ಲೇ ನಿಂತಿದ್ದರೆ ಉಳಿದಿರುವ ಜನ ಹತ್ತುವುದೆಲ್ಲಿಗೆ? ಗಾಳಿ ಬೀಸಿದಾಗ ತುಂಬಿದ ಬಸ್ಸು ಹೊರಡುತ್ತದೆ, ಖಾಲಿ ಬಸ್ಸು ಬಂದು ನಿಲ್ಲುತ್ತದೆ.

ಅದಕ್ಕೇ ಆಷಾಢವನ್ನು ಗಮನಿಸಿ. ಜೂನ್ ಕೊನೆ, ಜುಲೈನಲ್ಲಿ ನಮ್ಮ ಸೀಮೆಯಲ್ಲಿ ಸೂರ್ಯ ಮೋಡದ ಹಿಂದೆಯೇ ಇರುತ್ತಾನೆ. ಆದರೂ ಆಷಾಢದ ಗಾಳಿ ಬೀಸುವ ದಿನ, ಹನಿ ಬೀಳದಿದ್ದರೆ, ಬಟ್ಟೆ ಸರಾಗವಾಗಿ ಒಣಗುತ್ತದೆ. ಕ್ಲಿಪ್ಪು ಹಾಕದಿದ್ದರೆ ಪಕ್ಕದ ಮನೆಗೂ ಹಾರಿಹೋಗುತ್ತದೆ! ಅದೇ ಅಕ್ಟೋಬರ್ ಹೊತ್ತಿಗೆ ಹಿಂಗಾರು ಮಳೆ ಹಿಡಿದಾಗ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಆಗ ಬಟ್ಟೆ ಎರಡು ದಿನವಾದರೂ ಹಸಿ ಹಸಿ, ಮುಗ್ಗಲು ವಾಸನೆ ಬೇರೆ.

ಗಾಳಿ ಎಷ್ಟು ಆವಿ ಹಿಡಿಯಬಲ್ಲದು ಎಂಬುದಕ್ಕೂ ಲೆಕ್ಕವಿದೆ. 30 ಡಿಗ್ರಿಯ ಒಂದು ಘನ ಮೀಟರ್ ಗಾಳಿ ಸುಮಾರು 30 ಗ್ರಾಂ ಆವಿ ಹಿಡಿಯುತ್ತದೆ. 20 ಡಿಗ್ರಿಗೆ ಇಳಿದರೆ ಸುಮಾರು 17 ಗ್ರಾಂ ಮಾತ್ರ. ರಾತ್ರಿ ತಣ್ಣಗಾದಾಗ ಹೆಚ್ಚಾದ ಆವಿ ಮತ್ತೆ ನೀರಾಗಿ ಇಬ್ಬನಿಯಾಗುತ್ತದೆ. ರಾಗಿ ಕೊಯ್ಲಿನ ಕಾಲದಲ್ಲಿ ಮಾಗಡಿಯ ಹೊಲಗಳ ಮೇಲೆ ಬೆಳಗಿನ ಹೊತ್ತು ಕಾಣುವುದು ಇದೇ. ‘ಹೊತ್ತು ಮುಳುಗೋದರೊಳಗೆ ಬಟ್ಟೆ ತಕ್ಕೊಂಡು ಬಾ ಮಗ’ ಎಂದು ಅಜ್ಜಿ ಕೂಗುವುದರ ಹಿಂದೆ ಗಟ್ಟಿಯಾದ ಭೌತವಿಜ್ಞಾನವಿದೆ.

ರೇಷ್ಮೆ ಸಾಕುವ ಮನೆಯ ಮಕ್ಕಳಿಗೆ ಗಾಳಿಯ ಈ ಕೆಲಸ ಹೊಸದೇನಲ್ಲ. ಹುಳು ಹಣ್ಣಾದ ಮೇಲೆ ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಡುತ್ತಾರಲ್ಲ, ಆಗ ಚಂದ್ರಿಕೆಗಳನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ನಿಲ್ಲಿಸುತ್ತಾರೆ. ಗೂಡು ಕಟ್ಟುವ ಮೊದಲು ಹುಳುಗಳು ಮೈಯ ನೀರನ್ನು ಹೊರಹಾಕುತ್ತವೆ. ಆ ತೇವವನ್ನು ಗಾಳಿ ಕೊಂಡೊಯ್ಯದಿದ್ದರೆ ಗೂಡು ಕೆಡುತ್ತದೆ, ನೂಲು ಚೆನ್ನಾಗಿ ಬಿಚ್ಚುವುದಿಲ್ಲ. ರೇಷ್ಮೆ ಸೀರೆಯನ್ನೂ ನೆರಳಿನಲ್ಲೇ ಒಣಗಿಸಬೇಕು. ಬಿಸಿಲಿನಲ್ಲಿರುವ ನೇರಳಾತೀತ ಕಿರಣಗಳು ರೇಷ್ಮೆ ಎಳೆಯನ್ನು ಹಳದಿಗಟ್ಟಿಸಿ ಬಲ ಕುಂದಿಸುತ್ತವೆ.

ಒಳಗಿನ ನೀರು ಹೊರಗೆ ಬರಬೇಕು

ಅಂಗಿ ಒಣಗಿದ್ದರೂ ಕಾಲರ್ ಹಸಿ, ಜೀನ್ಸ್ ಪ್ಯಾಂಟಿನ ಕಾಲು ಒಣಗಿದ್ದರೂ ಸೊಂಟದ ಪಟ್ಟಿ, ಜೇಬು ಹಸಿ. ಯಾಕೆ? ಆವಿ ಹಾರುವುದು ಬಟ್ಟೆಯ ಹೊರಮೈಯಿಂದ ಮಾತ್ರ. ದಪ್ಪ ಮಡಿಕೆಯ ಒಳಗಿರುವ ನೀರು ಎಳೆಯಿಂದ ಎಳೆಗೆ ಹಾದು ಮೊದಲು ಹೊರಮೈಗೆ ಬರಬೇಕು, ಆಮೇಲೆ ಹಾರಬೇಕು.

ಚನ್ನಪಟ್ಟಣದಲ್ಲಿ ಗೊಂಬೆ ಮಾಡುವವರು ಈ ನಿಧಾನವನ್ನು ಚೆನ್ನಾಗಿ ಬಲ್ಲರು. ಗೊಂಬೆಗೆ ಬಳಸುವ ಹಾಲೆ ಮರ ಕಡಿದಾಗ ಹಸಿಯಾಗಿರುತ್ತದೆ. ಆತುರಪಟ್ಟು ಒಣಗಿಸಿದರೆ ಹೊರಗಿನ ಭಾಗ ಬೇಗ ಒಣಗಿ ಕುಗ್ಗುತ್ತದೆ, ಒಳಭಾಗ ಹಸಿಯಾಗಿಯೇ ಉಳಿಯುತ್ತದೆ, ಮರ ಬಿರುಕು ಬಿಡುತ್ತದೆ. ಅದಕ್ಕೇ ಮರವನ್ನು ತಿಂಗಳುಗಟ್ಟಲೆ ನಿಧಾನವಾಗಿ ಒಣಗಿಸಿ, ಆಮೇಲೆ ಕಡೆಯುತ್ತಾರೆ. ಬಟ್ಟೆ ಬಿರಿಯುವುದಿಲ್ಲ, ಹಾಗಾಗಿ ನಾವು ಆತುರಪಡಬಹುದು. ಜೇಬನ್ನು ಹೊರಕ್ಕೆ ಎಳೆದು, ಮಡಿಕೆ ಬಿಡಿಸಿ ಹಾಕಿದರೆ ಒಳಗಿನ ನೀರಿಗೆ ದಾರಿ ಹತ್ತಿರವಾಗುತ್ತದೆ.

ಕರೆಂಟು ಬಂದ ದಾರಿ

ಕನಕಪುರದಿಂದ ಮಳವಳ್ಳಿ ರಸ್ತೆ ಹಿಡಿದು ಮುಂದೆ ಹೋದರೆ ಶಿವನಸಮುದ್ರ ಸಿಗುತ್ತದೆ. 1902ರಲ್ಲಿ ಅಲ್ಲಿ ಕಾವೇರಿಯ ನೀರಿನಿಂದ ತಯಾರಾದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹರಿಯಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿದ್ದೂ ಅದರಿಂದಲೇ. ಆ ನೀರು ಬಂದದ್ದು ಎಲ್ಲಿಂದ? ಸೂರ್ಯ ಸಮುದ್ರದ ನೀರನ್ನು ಆವಿ ಮಾಡಿ ಮೇಲಕ್ಕೆತ್ತಿದ, ಗಾಳಿ ಅದನ್ನು ಹೊತ್ತು ತಂದಿತು, ಕೊಡಗಿನ ಬೆಟ್ಟಗಳಲ್ಲಿ ಮಳೆಯಾಗಿ ಸುರಿಯಿತು, ನದಿಯಾಗಿ ಹರಿದು ಬಂತು, ಎತ್ತರದಿಂದ ಬಿದ್ದು ಚಕ್ರ ತಿರುಗಿಸಿತು.

100 ಮೀಟರ್ ಎತ್ತರದಿಂದ ಬೀಳುವ ನೀರಿನಿಂದ ಒಂದು ಯೂನಿಟ್ ಕರೆಂಟು ಪಡೆಯಲು ಎಷ್ಟು ನೀರು ಬೇಕು? ಒಂದಿಷ್ಟೂ ನಷ್ಟವಾಗದಿದ್ದರೂ ಸುಮಾರು 3,700 ಲೀಟರ್. ಅಂದರೆ ಬಟ್ಟೆಯಲ್ಲಿರುವ ಒಂದೇ ಒಂದು ಲೀಟರ್ ನೀರನ್ನು ಕರೆಂಟಿನ ಶಾಖದಿಂದ ಒಣಗಿಸಲು ಸುಮಾರು 2,450 ಲೀಟರ್ ನೀರು ಅಷ್ಟು ಎತ್ತರದಿಂದ ಬೀಳಬೇಕು!

ಮಕ್ಕಳೇ, ಈ ಸುತ್ತು ದಾರಿಯನ್ನು ಯೋಚಿಸಿ. ಸೂರ್ಯನೂ ಗಾಳಿಯೂ ಸೇರಿ ನೀರನ್ನು ಆವಿ ಮಾಡಿ, ಮಳೆ ಮಾಡಿ, ನದಿ ಮಾಡಿ, ಕರೆಂಟು ಮಾಡಿಕೊಟ್ಟರು. ಆ ಕರೆಂಟಿನಿಂದ ನಾವು ಮತ್ತೆ ನೀರನ್ನೇ ಆವಿ ಮಾಡುತ್ತೇವೆ. ತಾರಸಿಯ ಹಗ್ಗದ ಮೇಲೆ ಅದೇ ಸೂರ್ಯ, ಅದೇ ಗಾಳಿ ಆ ಕೆಲಸವನ್ನು ನೇರವಾಗಿ ಮಾಡಿಬಿಡುತ್ತವೆ. ಪಾವಗಡದ ಸೌರ ಫಲಕಗಳಿಂದ ಬರುವ ಕರೆಂಟಿಗೂ ಈ ಮಾತು ಸಲ್ಲುತ್ತದೆ. ಫಲಕದ ಮೇಲೆ ಬಿದ್ದ ಬಿಸಿಲಿನಲ್ಲಿ ಸುಮಾರು ಐದನೇ ಒಂದು ಭಾಗ ಮಾತ್ರ ಕರೆಂಟಾಗುತ್ತದೆ. ಇನ್ನು ರಾಯಚೂರಿನ ಶಕ್ತಿನಗರದಂಥ ಉಷ್ಣ ವಿದ್ಯುತ್ ಸ್ಥಾವರದಲ್ಲಿ ಒಂದೊಂದು ಯೂನಿಟ್ಟಿಗೂ ಅರ್ಧ ಕಿಲೋಗಿಂತ ಹೆಚ್ಚು ಕಲ್ಲಿದ್ದಲು ಸುಡಬೇಕು.

‘ನಮ್ಮ ಮನೆಗೆ ಗೃಹಜ್ಯೋತಿ ಇದೆ, ಬಿಲ್ಲು ಸೊನ್ನೆ ಬರುತ್ತದೆ’ ಎಂದು ನಿಮ್ಮಲ್ಲಿ ಕೆಲವರು ಹೇಳಬಹುದು. 2023ರಲ್ಲಿ ಶುರುವಾದ ಆ ಯೋಜನೆಯಲ್ಲಿ ಪ್ರತಿ ಮನೆಗೂ ಅದರ ಹಿಂದಿನ ಬಳಕೆ ನೋಡಿ ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೆ ದುಡ್ಡು ಕೊಡಬೇಕು. ಬಿಲ್ಲು ಸೊನ್ನೆಯಾದರೂ ನದಿ ಸುರಿಸಿದ ನೀರು, ಸುಟ್ಟ ಕಲ್ಲಿದ್ದಲು ಸೊನ್ನೆಯಾಗುವುದಿಲ್ಲ.

ನೀವು ಮಾಡಬಹುದಾದ್ದು

ಮೊದಲು ಚೆನ್ನಾಗಿ ಹಿಂಡಿ, ಇಲ್ಲವೇ ಮೆಷಿನ್ನಿನಲ್ಲಿ ತಿರುಗಿಸಿ. ನೀರಾಗಿಯೇ ಇಳಿದುಹೋದ ಪ್ರತಿ ಹನಿಯೂ ಆವಿಯಾಗುವ ಕಷ್ಟ ತಪ್ಪಿಸಿಕೊಂಡಂತೆ. ಆಮೇಲೆ ಬಟ್ಟೆಯನ್ನು ಪಟಪಟ ಒದರಿ ಹಾಕಿ. ಸುಕ್ಕು ಕಡಿಮೆಯಾಗುತ್ತದೆ, ಇಸ್ತ್ರಿಯ ಹೊತ್ತೂ ಉಳಿಯುತ್ತದೆ. 1,000 ವ್ಯಾಟಿನ ಇಸ್ತ್ರಿಪೆಟ್ಟಿಗೆ ಅರ್ಧ ಗಂಟೆ ಪೂರ್ತಿ ಕಾದರೆ ಅರ್ಧ ಯೂನಿಟ್. ಬಟ್ಟೆಗಳ ನಡುವೆ ಗಾಳಿ ಆಡಲು ಸಂದು ಬಿಡಿ. ಬಣ್ಣದ ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಹಾಕಿದರೆ ಬಣ್ಣ ಬೇಗ ಮಾಸುವುದಿಲ್ಲ.

ಒಂದು ಎಚ್ಚರಿಕೆಯನ್ನು ಮರೆಯಲೇಬೇಡಿ. ಬಟ್ಟೆಯ ಹಗ್ಗವನ್ನಾಗಲಿ ತಂತಿಯನ್ನಾಗಲಿ ಕರೆಂಟು ಕಂಬಕ್ಕೆ ಕಟ್ಟಬಾರದು, ಮನೆಗೆ ಬರುವ ವಿದ್ಯುತ್ ತಂತಿಯ ಹತ್ತಿರವೂ ಎಳೆಯಬಾರದು. ಲೋಹದ ತಂತಿಗೆ ಕರೆಂಟು ತಗುಲಿದರೆ ಒದ್ದೆ ಬಟ್ಟೆ, ಒದ್ದೆ ಕೈ ಸೇರಿ ಪ್ರಾಣಕ್ಕೇ ಅಪಾಯ. ನೈಲಾನ್ ಹಗ್ಗ ಇನ್ನೂ ಕ್ಷೇಮ.

ಮಳೆ ಬಿಡದೆ ಹಿಡಿದಾಗ, ಮನೆಯಲ್ಲಿ ಪುಟ್ಟ ಪಾಪುವೋ ಕಾಯಿಲೆಯವರೋ ಇದ್ದಾಗ, ಯಂತ್ರವಿದ್ದವರು ಬಳಸಲಿ, ಅದು ತಪ್ಪಲ್ಲ. ಬಿಸಿಲೂ ಗಾಳಿಯೂ ಧಾರಾಳವಾಗಿರುವ ದಿನ ಬೇಡ, ಅಷ್ಟೇ.

ಈ ಭಾನುವಾರ ನಾಲ್ಕು ಒಂದೇ ಥರದ ಕರ್ಚೀಫು ನೆನೆಸಿ ಹಿಂಡಿ. ಒಂದನ್ನು ಬಿಸಿಲು, ಗಾಳಿ ಎರಡೂ ಇರುವಲ್ಲಿ ಹರವಿ. ಇನ್ನೊಂದನ್ನು ಗಾಳಿಯಾಡುವ ನೆರಳಿನಲ್ಲಿ, ಮೂರನೆಯದನ್ನು ಕಿಟಕಿ ಮುಚ್ಚಿದ ಕೋಣೆಯಲ್ಲಿ ಹರವಿ. ನಾಲ್ಕನೆಯದನ್ನು ನಾಲ್ಕು ಮಡಿಕೆ ಮಾಡಿ ಬಿಸಿಲಿನಲ್ಲಿಡಿ. ಯಾವುದು ಎಷ್ಟು ಹೊತ್ತಿಗೆ ಒಣಗಿತು ಎಂದು ಬರೆದಿಡಿ. ಬಿಸಿಲಿನ ಮಡಿಕೆ ಗೆದ್ದಿತೋ, ನೆರಳಿನ ಗಾಳಿ ಗೆದ್ದಿತೋ? ಮೊದಲೇ ಊಹಿಸಿ, ಆಮೇಲೆ ನೋಡಿ.

ಜೊತೆಗೆ ಪ್ರತಿಯೊಬ್ಬರೂ ನಿಮ್ಮ ನಿಮ್ಮ ಟವೆಲ್ಲನ್ನು ತೂಗಿ, ಲೆಕ್ಕವನ್ನು ಶಾಲೆಗೆ ತನ್ನಿ. ತರಗತಿಯಲ್ಲಿ 30 ಮಕ್ಕಳಿದ್ದು, ಒಬ್ಬೊಬ್ಬರ ಟವೆಲ್ಲಿನಲ್ಲೂ 300 ಗ್ರಾಂ ನೀರಿದ್ದರೆ ಒಟ್ಟು 9 ಲೀಟರ್. ಅದನ್ನು ಒಣಗಿಸಲು 6 ಯೂನಿಟ್. ಅಷ್ಟು ಕರೆಂಟಿಗೆ 100 ಮೀಟರ್ ಎತ್ತರದಿಂದ ಬೀಳಬೇಕಾದ ನೀರು 22,000 ಲೀಟರಿಗೂ ಹೆಚ್ಚು. 30 ಟವೆಲ್ಲನ್ನು ಹಗ್ಗಕ್ಕೆ ಹಾಕಿದ್ದಕ್ಕೇ ಇಷ್ಟು ಉಳಿತಾಯ. ನಿಮ್ಮ ಮನೆಯ ಒಂದು ವರ್ಷದ ಬಟ್ಟೆಗೆ ಎಷ್ಟಾಗುತ್ತದೆ ಎಂಬ ಲೆಕ್ಕವನ್ನು ಈಗ ನೀವೇ ಹಾಕಬಲ್ಲಿರಿ.