ಆಟಗಾರನಿಂದ ಗುರುವಾಗಿ: ಮಾರ್ಸೆಲೊ ಬಿಯೆಲ್ಸಾ



ಅರ್ಜೆಂಟೀನಾ ಎಂದೊಡನೆ ನಿಮಗೆ ನೆನಪಾಗುವ ಹೆಸರುಗಳು ಎರಡು. ಒಂದು ಡಿಯಾಗೊ ಮರಡೋನಾ, ಇನ್ನೊಂದು ಲಯೊನೆಲ್ ಮೆಸ್ಸಿ. 1986ರಲ್ಲಿ ಮರಡೋನಾ, 2022ರಲ್ಲಿ ಮೆಸ್ಸಿ ನಾಯಕರಾಗಿ ತಮ್ಮ ದೇಶಕ್ಕೆ ವಿಶ್ವಕಪ್ ತಂದುಕೊಟ್ಟರು. ಇಂದು ನಾನು ನಿಮಗೆ ಪರಿಚಯಿಸಲು ಹೊರಟಿರುವುದು ಅದೇ ದೇಶದ ಮತ್ತೊಬ್ಬ ಫುಟ್‌ಬಾಲ್ ಆಟಗಾರರನ್ನು. ಇವರು ವಿಶ್ವಕಪ್ ಗೆದ್ದವರಲ್ಲ. ಆಟಗಾರರಾಗಿ ಹೆಸರು ಮಾಡಿದವರೂ ಅಲ್ಲ. 25ನೇ ವಯಸ್ಸಿನಲ್ಲೇ ಆಟಗಾರನ ಬದುಕಿಗೆ ವಿದಾಯ ಹೇಳಿದವರು. ಆದರೂ ಇಂದಿನ ಫುಟ್‌ಬಾಲಿನ ಹಲವು ದೊಡ್ಡ ತರಬೇತುದಾರರು ಇವರನ್ನು ಗುರುಸ್ಥಾನದಲ್ಲಿಟ್ಟು ಮಾತನಾಡುತ್ತಾರೆ. ಇವರ ಹೆಸರು ಮಾರ್ಸೆಲೊ ಬಿಯೆಲ್ಸಾ.

ಇವರ ಜೀವನ ನಿಮ್ಮಂಥ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತದೆ. ನಾವು ಬಹಳ ಪ್ರೀತಿಸುವ ವಿದ್ಯೆಯಲ್ಲಿ, ಆಟದಲ್ಲಿ ಅಥವಾ ಕಲೆಯಲ್ಲಿ ನಾವು ಮೊದಲ ಸಾಲಿನವರಾಗಲಾರೆವು ಎಂದು ತಿಳಿದಾಗ ಏನು ಮಾಡಬೇಕು? ಅದನ್ನು ಬಿಟ್ಟುಬಿಡಬೇಕೇ? ಬಿಯೆಲ್ಸಾ ಈ ಪ್ರಶ್ನೆಗೆ ತಮ್ಮ ಬದುಕಿನಿಂದ ಏನು ಉತ್ತರ ಕೊಟ್ಟರು ಎಂಬುದನ್ನು ನೋಡೋಣ.

ಅರ್ಜೆಂಟೀನಾದ ಪರಾನಾ ನದಿಯ ದಡದಲ್ಲಿ ರೊಸಾರಿಯೊ ಎಂಬ ದೊಡ್ಡ ನಗರವಿದೆ. ಮೆಸ್ಸಿ ಹುಟ್ಟಿದ ಊರೂ ಅದೇ. ಅಲ್ಲಿ 1955ರ ಜುಲೈ 21ರಂದು ಬಿಯೆಲ್ಸಾ ಜನಿಸಿದರು. ಅವರದು ಕಾನೂನು ಮತ್ತು ರಾಜಕೀಯದಲ್ಲಿ ಹೆಸರಾದ ಮನೆತನ. ಅಜ್ಜ ಕಾನೂನು ಪಂಡಿತರು. ಅಣ್ಣ ರಫಾಯೆಲ್ ಮುಂದೆ ದೇಶದ ವಿದೇಶಾಂಗ ಸಚಿವರಾದರು. ತಂಗಿ ಮರಿಯಾ ಯುಜೆನಿಯಾ ವಾಸ್ತುಶಿಲ್ಪಿಯಾಗಿ, ಅನಂತರ ಸಾಂತಾ ಫೆ ಪ್ರಾಂತ್ಯದ ಉಪರಾಜ್ಯಪಾಲರಾಗಿ ಕೆಲಸ ಮಾಡಿದರು. ಇಂಥ ಮನೆಯ ಹುಡುಗ ಕಪ್ಪು ಕೋಟು ತೊಡುವ ಬದಲು ಚೆಂಡಿನ ಹಿಂದೆ ಓಡಿದ.

ರೊಸಾರಿಯೊದ ಹೆಸರಾಂತ ತಂಡಗಳಲ್ಲೊಂದು ನ್ಯೂವೆಲ್ಸ್ ಓಲ್ಡ್ ಬಾಯ್ಸ್. ಈ ಹೆಸರಿನ ಹಿಂದೆ ಒಂದು ಶಾಲೆಯ ಕಥೆಯಿದೆ. ಇಂಗ್ಲೆಂಡಿನಿಂದ ಬಂದ ಐಸಾಕ್ ನ್ಯೂವೆಲ್ ಎಂಬ ಶಿಕ್ಷಕರು ರೊಸಾರಿಯೊದಲ್ಲಿ ಶಾಲೆ ತೆರೆದರು. ಆ ಶಾಲೆಗೆ ಸೇರಿದವರು 1903ರಲ್ಲಿ ಕಟ್ಟಿದ ತಂಡವಿದು. ಹೆಸರಿನ ಅರ್ಥವೇ ‘ನ್ಯೂವೆಲ್ ಅವರ ಹಳೆಯ ವಿದ್ಯಾರ್ಥಿಗಳು’ ಎಂದು. ಬಿಯೆಲ್ಸಾ ಬಾಲ್ಯದಿಂದಲೂ ಈ ತಂಡದ ಅಭಿಮಾನಿ. ಅದರಲ್ಲೇ ಡಿಫೆಂಡರ್ ಆಗಿ ಆಡುವ ಅವಕಾಶವೂ ದೊರೆಯಿತು. ಆದರೆ ಅವರ ಕಾಲಿನಲ್ಲಿ ಸಾಕಷ್ಟು ವೇಗವಿರಲಿಲ್ಲ. ಮುಖ್ಯ ತಂಡದಲ್ಲಿ ಹೆಚ್ಚು ಪಂದ್ಯಗಳು ಸಿಗಲಿಲ್ಲ. ಬೇರೆ ಎರಡು ಸಣ್ಣ ತಂಡಗಳಲ್ಲಿ ಆಡಿ ನೋಡಿದರು. ಕೊನೆಗೆ ಆಟ ನಿಲ್ಲಿಸಿದರು.

ಕುಣಿಯಲಾರದವಳು ಅಂಗಳ ಡೊಂಕು ಎಂದಳಂತೆ ಎಂಬ ಗಾದೆ ನಿಮಗೆ ಗೊತ್ತು. ಬಿಯೆಲ್ಸಾ ಅಂಗಳವನ್ನು ದೂರಲಿಲ್ಲ. ತನ್ನ ಕಾಲು ಕೊಡಲಾರದ್ದನ್ನು ತನ್ನ ತಲೆ ಕೊಡಬಹುದೇ ಎಂದು ನೋಡಲು ಹೊರಟರು. ದೈಹಿಕ ಶಿಕ್ಷಣವನ್ನು ಅಭ್ಯಾಸ ಮಾಡಿದರು. 1982ರ ಹೊತ್ತಿಗೆ ಬ್ಯೂನಸ್ ಐರಿಸ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ತಂಡಕ್ಕೆ ತರಬೇತುದಾರರಾದರು. ಆಡುತ್ತಿದ್ದವರು ನಿಮ್ಮಂಥ ಕಾಲೇಜು ಹುಡುಗರು. ಅವರನ್ನೂ ಬಿಯೆಲ್ಸಾ ವೃತ್ತಿಪರ ಆಟಗಾರರಂತೆಯೇ ಕಂಡು, ಅದೇ ಶಿಸ್ತಿನಿಂದ ತಯಾರು ಮಾಡಿದರು.

ಅನಂತರ ನ್ಯೂವೆಲ್ಸ್ ತಂಡದ ಕಿರಿಯರ ವಿಭಾಗಕ್ಕೆ ಮರಳಿದರು. ಅಲ್ಲಿ ಹೊರ್ಹೆ ಗ್ರಿಫಾ ಎಂಬ ಹಿರಿಯರ ಜೊತೆ ಸೇರಿ ಪ್ರತಿಭೆಯನ್ನು ಹುಡುಕುವ ಕೆಲಸ ಆರಂಭಿಸಿದರು. ಒಳ್ಳೆಯ ಆಟಗಾರರೆಲ್ಲ ರಾಜಧಾನಿಯ ದೊಡ್ಡ ತಂಡಗಳ ಪಾಲಾಗುತ್ತಿದ್ದ ಕಾಲವದು. ದೂರದ ಹಳ್ಳಿಯ ಹುಡುಗನನ್ನು ಕೇಳುವವರು ಯಾರು? ಬಿಯೆಲ್ಸಾ ದೇಶದ ಭೂಪಟವನ್ನು 70 ಭಾಗಗಳಾಗಿ ವಿಂಗಡಿಸಿಕೊಂಡು, ಒಂದು ಪುಟ್ಟ ಫಿಯೆಟ್ ಕಾರಿನಲ್ಲಿ ಊರೂರು ಅಲೆದರು. ಮರ್ಫಿ ಎಂಬ ಸಣ್ಣ ಊರಿನಲ್ಲಿ ನಡೆದ ಘಟನೆ ಈಗ ಪ್ರಸಿದ್ಧವಾಗಿದೆ. ಅಲ್ಲಿ ಒಬ್ಬ ಒಳ್ಳೆಯ ಹುಡುಗನಿದ್ದಾನೆಂದು ಕೇಳಿ, ಗ್ರಿಫಾ ಮತ್ತು ಬಿಯೆಲ್ಸಾ ಅಪರಾತ್ರಿಯಲ್ಲೇ ಅವನ ಮನೆಯ ಬಾಗಿಲು ತಟ್ಟಿದರು. ಹುಡುಗ ಗಾಢ ನಿದ್ರೆಯಲ್ಲಿದ್ದ. ಅವನ ಕಾಲುಗಳನ್ನಾದರೂ ತೋರಿಸಿ ಎಂದು ತಂದೆತಾಯಿಯನ್ನು ಕೇಳಿಕೊಂಡರು. ಹೊದಿಕೆ ಸರಿಸಿ ನೋಡಿ, ಇವು ಫುಟ್‌ಬಾಲ್ ಆಟಗಾರನ ಕಾಲುಗಳೇ ಎಂದು ಸಂತೋಷಪಟ್ಟರು. ಆ ಹುಡುಗನೇ ಮೌರಿಸಿಯೊ ಪೊಚೆಟಿನೊ. ಮುಂದೆ ಅವರು ಅರ್ಜೆಂಟೀನಾ ಪರ ವಿಶ್ವಕಪ್ ಆಡಿದರು. ತರಬೇತುದಾರರಾಗಿ ಇಂಗ್ಲೆಂಡಿನ ಟಾಟೆನ್‌ಹ್ಯಾಮ್ ತಂಡವನ್ನು 2019ರ ಚಾಂಪಿಯನ್ಸ್ ಲೀಗ್ ಫೈನಲ್‌ಗೆ ಮುಟ್ಟಿಸಿದರು.

1990ರಲ್ಲಿ ನ್ಯೂವೆಲ್ಸ್ ತನ್ನ ಮುಖ್ಯ ತಂಡವನ್ನೇ ಬಿಯೆಲ್ಸಾ ಅವರಿಗೆ ಒಪ್ಪಿಸಿತು. ತಾವು ಬೆಳೆಸಿದ ಹುಡುಗರನ್ನೇ ನಂಬಿ ಅವರು ಕಣಕ್ಕಿಳಿದರು. 1991ರಲ್ಲಿ ಬಲಾಢ್ಯ ಬೋಕಾ ಜೂನಿಯರ್ಸ್ ತಂಡವನ್ನು ಅದರ ಸ್ವಂತ ಮೈದಾನದಲ್ಲಿ ಪೆನಾಲ್ಟಿ ಹೊಡೆತಗಳ ಮೂಲಕ ಸೋಲಿಸಿ ನ್ಯೂವೆಲ್ಸ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಮರುವರ್ಷ, 1992ರ ಫೆಬ್ರುವರಿಯಲ್ಲಿ, ಅದೇ ತಂಡ ದಕ್ಷಿಣ ಅಮೆರಿಕದ ಲಿಬರ್ಟಡೋರಸ್ ಕಪ್ ಪಂದ್ಯಾವಳಿಯಲ್ಲಿ ಸ್ಯಾನ್ ಲೊರೆಂಜೊ ತಂಡದೆದುರು ತವರಿನಲ್ಲೇ 0–6 ಗೋಲುಗಳಿಂದ ಸೋತಿತು. ತಲೆ ಎತ್ತಿ ನಡೆಯಲಾಗದಂಥ ಸೋಲು. ಬಿಯೆಲ್ಸಾ ಆಟಗಾರರನ್ನು ಕೂರಿಸಿಕೊಂಡು ಮಾತನಾಡಿದರು. ಯಾವ ಆಟಗಾರ ಎಲ್ಲಿ ನಿಲ್ಲಬೇಕೆಂಬುದನ್ನು ಹೊಸದಾಗಿ ಯೋಚಿಸಿದರು. ಆ ವರ್ಷವೇ ತಂಡ ಮತ್ತೊಮ್ಮೆ ದೇಶದ ಲೀಗ್ ಪ್ರಶಸ್ತಿ ಪಡೆಯಿತು. ಲಿಬರ್ಟಡೋರಸ್ ಕಪ್ಪಿನ ಫೈನಲ್ಲನ್ನೂ ತಲಪಿ, ಬ್ರೆಜಿಲ್‌ನ ಸಾವೊ ಪಾಲೊ ತಂಡಕ್ಕೆ ಪೆನಾಲ್ಟಿಯಲ್ಲಷ್ಟೇ ಮಣಿಯಿತು. 2009ರಲ್ಲಿ ನ್ಯೂವೆಲ್ಸ್ ತನ್ನ ಕ್ರೀಡಾಂಗಣಕ್ಕೆ ಬಿಯೆಲ್ಸಾ ಅವರ ಹೆಸರನ್ನೇ ಇಟ್ಟಿತು.

ಅವರ ಆಟದ ರೀತಿ ಎಂಥದು? ಹೇಳುವುದು ಸುಲಭ, ಆಡುವುದು ಕಷ್ಟ. ಚೆಂಡು ನಮ್ಮ ಕೈತಪ್ಪಿದರೆ ಹಿಂದೆ ಸರಿಯಬಾರದು, ಎದುರಾಳಿಯ ಅಂಗಳದಲ್ಲೇ ಅವನ ಮೇಲೆ ಮುಗಿಬಿದ್ದು ಮರಳಿ ಕಸಿಯಬೇಕು. ಚೆಂಡು ಸಿಕ್ಕೊಡನೆ ಮುಂದಕ್ಕೆ ನುಗ್ಗಬೇಕು. ಇದಕ್ಕೆ ತೊಂಬತ್ತು ನಿಮಿಷವೂ ಓಡುವ ಶಕ್ತಿ ಬೇಕು, ಜೊತೆಗಾರ ಎಲ್ಲಿದ್ದಾನೆಂಬ ಎಚ್ಚರ ಬೇಕು. ಇಂಗ್ಲೆಂಡಿನ ಲೀಡ್ಸ್ ತಂಡದಲ್ಲಿ ಅವರು ನಡೆಸುತ್ತಿದ್ದ ಅಭ್ಯಾಸ ಪಂದ್ಯಗಳಲ್ಲಿ ಚೆಂಡು ಗೆರೆ ದಾಟಿದರೂ ಆಟ ನಿಲ್ಲುತ್ತಿರಲಿಲ್ಲ. ಹೊರಗಿನಿಂದ ತಕ್ಷಣ ಇನ್ನೊಂದು ಚೆಂಡು ಒಳಗೆ ಬರುತ್ತಿತ್ತು. ಪ್ರತಿ ಎದುರಾಳಿಯ ಹಿಂದಿನ ಪಂದ್ಯಗಳನ್ನು ವಿಡಿಯೊದಲ್ಲಿ ಗಂಟೆಗಟ್ಟಲೆ ನೋಡಿ ಟಿಪ್ಪಣಿ ಮಾಡುವುದು ಅವರ ನಿತ್ಯದ ಕೆಲಸ. ಸ್ಪೇನಿನ ಪೆಪ್ ಗಾರ್ಡಿಯೋಲಾ ತರಬೇತುದಾರರಾಗುವ ಮೊದಲು, 2006ರಲ್ಲಿ, ಅರ್ಜೆಂಟೀನಾಗೆ ಪಯಣಿಸಿ ಬಿಯೆಲ್ಸಾ ಅವರ ಹಳ್ಳಿಮನೆಯಲ್ಲಿ ಗಂಟೆಗಟ್ಟಲೆ ಚರ್ಚೆ ಮಾಡಿದ್ದು ಇಂಥ ಅಧ್ಯಯನದ ಮೇಲಿನ ಗೌರವದಿಂದಲೇ.

ಆದರೆ ಪರಿಶ್ರಮಕ್ಕೆ ಯಾವಾಗಲೂ ಫಲ ಸಿಕ್ಕೇ ಸಿಗುತ್ತದೆಂದು ನಾನು ನಿಮಗೆ ಹೇಳಲಾರೆ. 1998ರಲ್ಲಿ ಬಿಯೆಲ್ಸಾ ಅರ್ಜೆಂಟೀನಾ ರಾಷ್ಟ್ರೀಯ ತಂಡದ ತರಬೇತುದಾರರಾದರು. 2002ರ ವಿಶ್ವಕಪ್ಪಿನ ಅರ್ಹತಾ ಸುತ್ತಿನ 18 ಪಂದ್ಯಗಳಲ್ಲಿ ತಂಡ ಸೋತದ್ದು ಒಂದೇ ಒಂದು. ಎಲ್ಲರೂ ಕಪ್ ಇವರದೇ ಎಂದರು. ಆಗ ದೇಶ ಭೀಕರ ಆರ್ಥಿಕ ಮುಗ್ಗಟ್ಟಿನಲ್ಲಿತ್ತು. ಬ್ಯಾಂಕಿನಲ್ಲಿಟ್ಟ ಸ್ವಂತ ಹಣವನ್ನೂ ಜನ ಬಿಡಿಸಿಕೊಳ್ಳಲಾಗದ ಸ್ಥಿತಿ. ನೊಂದ ಜನರಿಗೆ ಫುಟ್‌ಬಾಲೊಂದೇ ಸಮಾಧಾನವಾಗಬಹುದಿತ್ತು. ಆದರೆ ಜಪಾನಿನಲ್ಲಿ ನೈಜೀರಿಯಾ ವಿರುದ್ಧ 1–0 ಗೆಲುವು, ಇಂಗ್ಲೆಂಡ್ ವಿರುದ್ಧ 0–1 ಸೋಲು, ಸ್ವೀಡನ್ ವಿರುದ್ಧ 1–1 ಡ್ರಾ. ಮೊದಲ ಸುತ್ತಿನಲ್ಲೇ ತಂಡ ಮನೆಗೆ ಮರಳಿತು. ಟೀಕೆಯ ಮಳೆ ಸುರಿಯಿತು.

ಬಿಯೆಲ್ಸಾ ಕೆಲಸ ಮುಂದುವರಿಸಿದರು. ಎರಡು ವರ್ಷಗಳ ಬಳಿಕ, 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಅವರ ತಂಡ 6 ಪಂದ್ಯಗಳನ್ನಾಡಿ ಆರನ್ನೂ ಗೆದ್ದಿತು. ಹೊಡೆದ ಗೋಲುಗಳು 17, ಬಿಟ್ಟುಕೊಟ್ಟದ್ದು ಸೊನ್ನೆ. ಒಲಿಂಪಿಕ್ ಫುಟ್‌ಬಾಲಿನಲ್ಲಿ ಅರ್ಜೆಂಟೀನಾಗೆ ಅದೇ ಮೊದಲ ಚಿನ್ನ. ಮರು ತಿಂಗಳೇ, ಈ ಕೆಲಸಕ್ಕೆ ಬೇಕಾದ ಹುರುಪು ತನ್ನಲ್ಲಿ ಉಳಿದಿಲ್ಲವೆಂದು ಹೇಳಿ ಅವರು ರಾಜೀನಾಮೆ ಕೊಟ್ಟರು.

2007ರಲ್ಲಿ ನೆರೆಯ ಚಿಲಿ ದೇಶ ಅವರನ್ನು ಕರೆಯಿತು. 1998ರ ನಂತರ ವಿಶ್ವಕಪ್ಪನ್ನೇ ಕಾಣದಿದ್ದ ತಂಡವದು. ಬಿಯೆಲ್ಸಾ ಅದನ್ನು 2010ರ ದಕ್ಷಿಣ ಆಫ್ರಿಕಾ ವಿಶ್ವಕಪ್‌ಗೆ ಒಯ್ದರು. ಅಲ್ಲಿ ಹೊಂಡುರಾಸ್ ಮೇಲೆ ಪಡೆದ ಗೆಲುವು, ವಿಶ್ವಕಪ್ಪಿನಲ್ಲಿ 1962ರ ನಂತರ ಚಿಲಿಗೆ ದೊರೆತ ಮೊದಲ ಗೆಲುವು. ಬಿಯೆಲ್ಸಾ ಬಿಟ್ಟುಹೋದ ಮೇಲೆ, 2015 ಮತ್ತು 2016ರಲ್ಲಿ, ಚಿಲಿ ಕೋಪಾ ಅಮೆರಿಕ ಕಪ್ಪನ್ನು ಎರಡು ಬಾರಿ ಗೆದ್ದಿತು. ಆ ತಂಡದ ಹಲವು ಮುಖ್ಯ ಆಟಗಾರರು ಬಿಯೆಲ್ಸಾ ಕಾಲದಲ್ಲಿ ಬೆಳೆದವರು.

ಈಗ ಲೀಡ್ಸ್ ತಂಡದ ಎರಡು ಪ್ರಸಂಗಗಳನ್ನು ಹೇಳುತ್ತೇನೆ. ಎರಡೂ 2019ರವು. ಜನವರಿಯಲ್ಲಿ ಎದುರಾಳಿ ತಂಡವೊಂದರ ಅಭ್ಯಾಸವನ್ನು ಕದ್ದು ನೋಡಲು ಬಿಯೆಲ್ಸಾ ಒಬ್ಬನನ್ನು ಕಳುಹಿಸಿದ್ದು ಬಯಲಾಯಿತು. ಅವರು ಅಲ್ಲಗಳೆಯಲಿಲ್ಲ. ಎಲ್ಲ ಎದುರಾಳಿಗಳ ಅಭ್ಯಾಸವನ್ನೂ ಹೀಗೆಯೇ ನೋಡಿಸಿದ್ದೇನೆಂದು ತಾವಾಗಿಯೇ ಹೇಳಿದರು. ತಂಡಕ್ಕೆ ವಿಧಿಸಿದ 2 ಲಕ್ಷ ಪೌಂಡ್ ದಂಡವನ್ನು ತಮ್ಮ ಕೈಯಿಂದಲೇ ತೆತ್ತರು. ಮಾಡಿದ್ದು ಸರಿಯೆಂದು ನಾನು ಹೇಳುವುದಿಲ್ಲ. ಹೊಣೆಯನ್ನು ಬೇರೆಯವರ ತಲೆಗೆ ಕಟ್ಟಲಿಲ್ಲ ಎಂಬುದನ್ನು ಮಾತ್ರ ಗಮನಿಸಿ.

ಇನ್ನೊಂದು ಏಪ್ರಿಲ್ 28ರ ಪ್ರಸಂಗ. ಲೀಡ್ಸ್ ಮತ್ತು ಆಸ್ಟನ್ ವಿಲ್ಲಾ ನಡುವಿನ ಪಂದ್ಯ. ಮೇಲಿನ ದರ್ಜೆಗೆ ನೇರವಾಗಿ ಏರುವ ಆಸೆ ಲೀಡ್ಸ್‌ಗೆ ಇನ್ನೂ ಎಳೆಯಷ್ಟು ಉಳಿದಿತ್ತು. ವಿಲ್ಲಾ ಆಟಗಾರನೊಬ್ಬ ಪೆಟ್ಟಾಗಿ ನೆಲದ ಮೇಲೆ ಬಿದ್ದಿದ್ದ. ಲೀಡ್ಸ್ ಆಟ ನಿಲ್ಲಿಸೀತೆಂದು ವಿಲ್ಲಾದವರು ಸುಮ್ಮನೆ ನಿಂತಾಗ, ಲೀಡ್ಸ್ ಆಟಗಾರ ಮುನ್ನುಗ್ಗಿ ಗೋಲು ಹೊಡೆದ. ನಿಯಮದ ಪ್ರಕಾರ ಗೋಲು ಸಿಂಧು. ಮೈದಾನದಲ್ಲಿ ಜಗಳ ಎದ್ದಿತು. ಗೆರೆಯ ಪಕ್ಕದಲ್ಲಿದ್ದ ಬಿಯೆಲ್ಸಾ ತಮ್ಮ ಆಟಗಾರರಿಗೆ ಕೂಗಿ ಹೇಳಿದ್ದು ಒಂದೇ: ಅವರಿಗೆ ಒಂದು ಗೋಲು ಬಿಟ್ಟುಕೊಡಿ. ವಿಲ್ಲಾ ಗೋಲು ಹೊಡೆಯಿತು. ಪಂದ್ಯ 1–1ರಲ್ಲಿ ಮುಗಿಯಿತು. ನೇರವಾಗಿ ಮೇಲೇರುವ ಅವಕಾಶ ಅಲ್ಲಿಗೆ ಕೊನೆಯಾಯಿತು. ಮುಂದಿನ ಸುತ್ತಿನಲ್ಲಿಯೂ ಲೀಡ್ಸ್ ಸೋತಿತು. ಆ ವರ್ಷ ಫಿಫಾ ಸಂಸ್ಥೆಯ ನ್ಯಾಯಯುತ ಆಟದ ಪ್ರಶಸ್ತಿ ಬಿಯೆಲ್ಸಾ ಮತ್ತು ಅವರ ತಂಡಕ್ಕೆ ಸಂದಿತು. 2020ರಲ್ಲಿ ಲೀಡ್ಸ್ 16 ವರ್ಷಗಳ ಬಳಿಕ ಇಂಗ್ಲೆಂಡಿನ ಅತ್ಯುನ್ನತ ದರ್ಜೆಗೆ ಏರಿತು.

ಅದೇ ತಂಡದ ಆಟಗಾರರಿಂದ ಒಮ್ಮೆ ಬಿಯೆಲ್ಸಾ ಮೂರು ಗಂಟೆ ಕಾಲ ಅಭ್ಯಾಸ ಮೈದಾನದ ಸುತ್ತಲಿನ ಕಸ ಹೆಕ್ಕಿಸಿದರು. ಪಂದ್ಯದ ಟಿಕೆಟ್ ಕೊಳ್ಳಲು ಒಬ್ಬ ಸಾಮಾನ್ಯ ದುಡಿಮೆಗಾರ ಸುಮಾರು ಮೂರು ಗಂಟೆ ದುಡಿಯಬೇಕೆಂದು ಅವರು ಮೊದಲೇ ವಿಚಾರಿಸಿ ತಿಳಿದುಕೊಂಡಿದ್ದರು. ಆ ದುಡಿಮೆಯ ಬೆಲೆ ತನ್ನ ಆಟಗಾರರಿಗೂ ಗೊತ್ತಿರಲಿ ಎಂಬುದು ಅವರ ಉದ್ದೇಶ.

ಬಿಯೆಲ್ಸಾ ಅವರಲ್ಲಿ ಕುಂದುಗಳಿಲ್ಲವೆಂದಲ್ಲ. ಅವರ ತಂಡಗಳು ಋತುವಿನ ಕೊನೆಯಲ್ಲಿ ದಣಿದುಬೀಳುತ್ತವೆ ಎಂಬ ಟೀಕೆಯಿದೆ. 2016ರಲ್ಲಿ ಇಟಲಿಯ ಲಾಜಿಯೊ ತಂಡಕ್ಕೆ ನೇಮಕವಾದ ಎರಡೇ ದಿನಗಳಲ್ಲಿ ಕೆಲಸ ಬಿಟ್ಟರು. ಸಾಲುಸಾಲು ದೊಡ್ಡ ಸೋಲುಗಳ ನಂತರ, 2022ರ ಫೆಬ್ರುವರಿಯಲ್ಲಿ ಲೀಡ್ಸ್ ಅವರನ್ನು ಕೈಬಿಟ್ಟಿತು. 2023ರಲ್ಲಿ ಅವರು ಉರುಗ್ವೆ ತಂಡದ ಹೊಣೆ ಹೊತ್ತರು. ಆ ವರ್ಷವೇ ತಂಡ ಬ್ರೆಜಿಲ್ ಮತ್ತು ಅರ್ಜೆಂಟೀನಾ ಎರಡನ್ನೂ 2–0ರಿಂದ ಸೋಲಿಸಿತು. 2024ರ ಕೋಪಾ ಅಮೆರಿಕದಲ್ಲಿ ಮೂರನೆಯ ಸ್ಥಾನ ಪಡೆಯಿತು. ಅದೇ ವರ್ಷ, ಅವರ ಕಟ್ಟುನಿಟ್ಟು ಅತಿಯಾಯಿತೆಂದು ಹಿರಿಯ ಆಟಗಾರ ಲೂಯಿಸ್ ಸುವಾರೆಜ್ ಬಹಿರಂಗವಾಗಿಯೇ ಟೀಕಿಸಿದರು. ಗುರುವಾದವನು ಶಿಷ್ಯರಿಂದ ಇಂಥ ಮಾತನ್ನೂ ಕೇಳಬೇಕಾಗುತ್ತದೆ.

ಮಿತ್ರರೇ, ಬಿಯೆಲ್ಸಾ ಗೆದ್ದ ಕಪ್‌ಗಳನ್ನು ಕೈಬೆರಳಲ್ಲಿ ಎಣಿಸಬಹುದು. ಅವರಿಂದ ಕಲಿತವರನ್ನು ಹಾಗೆ ಎಣಿಸಲಾಗದು. 1992ರ ನ್ಯೂವೆಲ್ಸ್ ತಂಡದಲ್ಲಿ ಆಡಿದ ಪೊಚೆಟಿನೊ, ಹೆರಾರ್ಡೊ ಮಾರ್ಟಿನೊ, ಎಡ್ವರ್ಡೊ ಬೆರಿಜೊ ಮೂವರೂ ಮುಂದೆ ರಾಷ್ಟ್ರೀಯ ತಂಡಗಳ ತರಬೇತುದಾರರಾದರು. ವೇಗ ಸಾಲದ ಒಬ್ಬ ಡಿಫೆಂಡರ್ ಆಟವನ್ನು ಬಿಟ್ಟು ಓಡಿಹೋಗದೆ, ಅದರ ವಿದ್ಯಾರ್ಥಿಯಾಗಿ ಉಳಿದದ್ದರಿಂದ ಇದೆಲ್ಲ ಆಯಿತು. ನಿಮ್ಮ ಶಾಲೆಯ ತಂಡದಲ್ಲಿ, ನಾಟಕದಲ್ಲಿ, ಪ್ರಯೋಗಾಲಯದಲ್ಲಿ ನಿಮಗೆ ಮೊದಲ ಸ್ಥಾನ ಸಿಗದೆ ಹೋಗಬಹುದು. ಆಗ ಆ ವಿದ್ಯೆಯೊಳಗೆ ನಿಮಗೆ ಒಪ್ಪುವ ಬೇರೊಂದು ಜಾಗವಿದೆಯೇ ಎಂದು ಹುಡುಕಿ ನೋಡಿ. ಅದಕ್ಕೆ ಬೇಕಾದ ಓದು ಮತ್ತು ತಾಳ್ಮೆ ನಿಮ್ಮಲ್ಲಿರಲಿ ಎಂದು ಹಾರೈಸುತ್ತಾ ಈ ಮಾತುಗಳನ್ನು ಮುಗಿಸುತ್ತೇನೆ.