ನೆರಳು ಹುಡುಕೋಕೂ ಆ್ಯಪ್!



ಊಟ ತರಿಸೋಕೆ ಆ್ಯಪ್ ಬಂತು, ಆಟೋ ಕರೆಯೋಕೆ ಆ್ಯಪ್ ಬಂತು. ಈಗ ನೆರಳು ಹುಡುಕೋಕೂ ಬಂದಿದೆ. ನಗಬೇಡಿ. ಸ್ಪೇನ್ ದೇಶದ ಬಾರ್ಸಿಲೋನಾ ನಗರಕ್ಕೆ 'ಕೂಲ್ ವಾಕ್ಸ್' ಅಂತ ಒಂದನ್ನು ಮಾಡಿದ್ದಾರೆ. ಎಲ್ಲಿಂದ ಎಲ್ಲಿಗೆ ನಡೆಯಬೇಕು ಅಂತ ಹೇಳಿದರೆ ಸಾಕು, ನೆರಳಿರುವ ದಾರಿ ತೋರಿಸುತ್ತೆ.

ಇದರ ಲೆಕ್ಕ ಕಷ್ಟದ್ದಲ್ಲ. ಯಾವ ಊರಲ್ಲಿ, ಯಾವ ದಿನ, ಎಷ್ಟು ಗಂಟೆಗೆ ಸೂರ್ಯ ಎಲ್ಲಿರ್ತಾನೆ ಅನ್ನೋದನ್ನು ಮೊದಲೇ ಹೇಳಬಹುದು. ಕಟ್ಟಡ, ಮರಗಳ ಎತ್ತರ ಗೊತ್ತಿದ್ದರೆ ನೆರಳು ಎಲ್ಲಿ ಬೀಳುತ್ತೆ ಅನ್ನೋದೂ ಗೊತ್ತಾಗುತ್ತೆ. ಆಮೇಲೆ ಬಿಸಿಲಿನ ಒಂದು ಮೀಟರು ನೆರಳಿನ ಎರಡು ಮೀಟರಿಗೆ ಸಮ ಅಂತ ಇಟ್ಟುಕೊಳ್ಳಿ. ಆಗ ಸ್ವಲ್ಪ ಸುತ್ತಾದರೂ ತಂಪಾದ ದಾರಿಯೇ ಗೆಲ್ಲುತ್ತೆ.

ನಮಗೂ ಇದು ಬೇಕಾ? ನನಗೆ ಈ ಪ್ರಶ್ನೆ ಹುಟ್ಟಿದ್ದು ತರೀಕೆರೆ ತಾಲ್ಲೂಕಿನ ಅಮೃತಾಪುರದಲ್ಲಿ. 1196ರಲ್ಲಿ, ಹೊಯ್ಸಳ ವೀರಬಲ್ಲಾಳನ ಕಾಲದಲ್ಲಿ, ಅಮೃತೇಶ್ವರ ದಂಡನಾಯಕ ಕಟ್ಟಿಸಿದ ದೇವಸ್ಥಾನ ಅಲ್ಲಿದೆ. ಅಲ್ಲಿನ ಶಾಸನದ ಪದ್ಯಗಳು ಕವಿ ಜನ್ನನವು. ಏಪ್ರಿಲ್ ತಿಂಗಳ ನಡು ಮಧ್ಯಾಹ್ನ ಹೋಗಿದ್ದೆ. ಕಾದ ಅಂಗಳ ದಾಟಿ ಮಂಟಪದೊಳಗೆ ಕಾಲಿಟ್ಟರೆ, ತಣ್ಣಗೆ! 29 ಅಂಕಣದ ತೆರೆದ ಮಂಟಪ. ಬಿಸಿಲು ಒಳಗೆ ಬರಲ್ಲ, ಗಾಳಿ ಬರುತ್ತೆ. 800 ವರ್ಷದ ಹಿಂದೆ ಕಟ್ಟಿದವರಿಗೆ ನೆರಳಿನ ಬೆಲೆ ಗೊತ್ತಿತ್ತು.

ಅಲ್ಲೊಬ್ಬ ಅಜ್ಜಿ ಕೂತಿದ್ದರು. "ಬಿಸಿಲಲ್ಲಿ ನಡ್ಕೊಂಡೇ ಬಂದ್ರಾ ಅಜ್ಜಿ?" ಅಂದೆ.

"ಹೂಂ ಕಣಪ್ಪಾ. ಆ ಹುಣಸೇಮರದ ತಂಕ ಒಂದೇ ಉಸ್ರು. ಅಲ್ಲಿ ಒಸಿ ನಿಂತ್ಕೋತೀನಿ. ಆಮೇಲೆ ತೋಟದ ಬೇಲಿ ಪಕ್ಕ. ಅದಾದ್ಮೇಲೆ ಏನೂ ಇಲ್ಲ, ಸೆರಗೇ ನೆಳ್ಳು."

ನೋಡಿ, ಅಜ್ಜಿಗೆ ಆ್ಯಪ್ ಬೇಕಾಗಿಲ್ಲ. ಇಡೀ ಮ್ಯಾಪು ಅವರ ತಲೆಯಲ್ಲೇ ಇದೆ. ಆದರೆ ಆ ಮ್ಯಾಪಿನಲ್ಲಿ 'ಏನೂ ಇಲ್ಲ' ಅನ್ನೋ ಒಂದು ಜಾಗ ಇದೆಯಲ್ಲ, ಇವತ್ತಿನ ಸುದ್ದಿ ಅದು.

ಬಾರ್ಸಿಲೋನಾದಲ್ಲಿ ಸೂರ್ಯ ಎಂದೂ ನೆತ್ತಿಯ ಮೇಲೆ ಬರುವುದಿಲ್ಲ. ಅಲ್ಲಿ ಎತ್ತರದ ಕಟ್ಟಡವೂ ಕೊಡೆ ಹಿಡಿಯುತ್ತೆ. ನಮ್ಮಲ್ಲಿ ಹಾಗಲ್ಲ. ಏಪ್ರಿಲ್ ಕೊನೆಯ ವಾರ ಬಂತಂದ್ರೆ ಬೆಂಗಳೂರು, ತರೀಕೆರೆ ಸೀಮೆಯಲ್ಲೆಲ್ಲ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೇ ಬರ್ತಾನೆ. ಶೂನ್ಯ ನೆರಳಿನ ದಿನ ಅಂತೀವಿ. ಹತ್ತು ಅಂತಸ್ತಿನ ಕಟ್ಟಡವಾದರೂ ಆಗ ಬೀದಿಗೆ ನೆರಳು ಕೊಡಲ್ಲ. ಕೊಡೋದು ರಸ್ತೆ ಮೇಲೆ ಕೊಂಬೆ ಚಾಚಿದ ಮರ ಒಂದೇ. ಅಮೃತಾಪುರದ ಸುತ್ತ ತೆಂಗು, ಅಡಿಕೆ ತೋಟ ಇವೆ. ಆದರೆ ಆ ನೆರಳು ಬೇಲಿಯ ಒಳಗಿದೆ, ನಡೆಯುವವರು ಬೇಲಿಯ ಹೊರಗಿದ್ದಾರೆ.

ಹೊರಗಿದ್ದ ಸಾಲುಮರಗಳಿಗೆ ಏನಾಗುತ್ತೆ? ಸಾಲುಮರದ ತಿಮ್ಮಕ್ಕ, ಗಂಡ ಚಿಕ್ಕಯ್ಯನವರ ಜೊತೆ ಸೇರಿ ಹುಲಿಕಲ್ಲಿನಿಂದ ಕುದೂರಿನವರೆಗೆ 385 ಆಲದ ಮರ ಬೆಳೆಸಿದರು. 2019ರಲ್ಲಿ ಅವರಿಗೆ ಪದ್ಮಶ್ರೀ ಕೊಟ್ಟೆವು. ಅದೇ ವರ್ಷ ರಸ್ತೆ ಅಗಲೀಕರಣದಿಂದ ಆ ಮರಗಳನ್ನು ಉಳಿಸಿಕೊಡಿ ಅಂತ ಅವರೇ ಮುಖ್ಯಮಂತ್ರಿಗೆ ಮೊರೆ ಇಡಬೇಕಾಯಿತು! ಉಳಿಸುತ್ತೇವೆ ಅನ್ನೋ ಭರವಸೆ ಸಿಕ್ಕಿತು. ತಿಮ್ಮಕ್ಕನ ಹೆಸರು ದೊಡ್ಡದಾಗಿತ್ತು, ಸಿಕ್ಕಿತು. ಹೆಸರಿಲ್ಲದವರು ನೆಟ್ಟ ಮರಗಳಿಗೆ ಯಾರು ಮೊರೆ ಇಡ್ತಾರೆ?

1976ರಿಂದಲೂ ನಮ್ಮಲ್ಲಿ ವೃಕ್ಷ ಸಂರಕ್ಷಣೆ ಕಾಯ್ದೆ ಇದೆ. ಮರ ಕಡಿಯೋಕೆ ಅನುಮತಿ ಬೇಕು. ಕಡಿದದ್ದಕ್ಕೆ ಬದಲು ಸಸಿ ನೆಡಿ ಅಂತಾರೆ. ಲೆಕ್ಕ ಸರಿಹೋಯ್ತು. ಆದರೆ ಮೊಣಕಾಲೆತ್ತರದ ಸಸಿಯ ಕೆಳಗೆ ಅಜ್ಜಿ ನಿಲ್ಲೋಕಾಗುತ್ತಾ? ಕಡತದಲ್ಲಿ ಮರದ ಲೆಕ್ಕ ಇದೆ, ನೆರಳಿನ ಲೆಕ್ಕ ಇಲ್ಲ.

ಅದಕ್ಕೇ ಹೇಳ್ತೀನಿ, ಈ ಆ್ಯಪ್ ನಮಗೂ ಬೇಕು. ನೆರಳಿರುವ ದಾರಿ ತೋರಿಸೋಕಷ್ಟೇ ಅಲ್ಲ, ನೆರಳಿಲ್ಲದ ದಾರಿ ತೋರಿಸೋಕೆ. ನಮ್ಮ ಇಂಜಿನಿಯರಿಂಗ್ ಹುಡುಗರು, ಹುಡುಗಿಯರು ಇದನ್ನು ಮಾಡಬಲ್ಲರು. ಮೊದಲು ಶಾಲೆಗೆ, ಸಂತೆಗೆ, ಆಸ್ಪತ್ರೆಗೆ ನಡೆಯುವ ದಾರಿಗಳನ್ನು ಗುರುತಿಸಿ. ಆ ಅಜ್ಜಿಯಂಥವರನ್ನು ಕೇಳಿ ಒಂದೊಂದು ಮರವನ್ನೂ ಹಾಕಿ. ಬಿಸಿಲಿರುವ ಕಡೆ ಕೆಂಪು ಗೆರೆ ಎಳೆಯಿರಿ. ಆ ಕೆಂಪು ಗೆರೆ ಗ್ರಾಮಸಭೆಯ ಮುಂದೆ ಹೋಗಲಿ, ಮುಂದಿನ ಮಳೆಗಾಲದ ಸಸಿ ಅಲ್ಲೇ ಬೀಳಲಿ. ಮರ ಕಡಿಯೋಕೆ ಅನುಮತಿ ಕೇಳಿದಾಗ ಎಷ್ಟು ಉದ್ದದ ನೆರಳು ಹೋಗುತ್ತೆ ಅಂತ ಅದೇ ಮ್ಯಾಪು ಹೇಳಲಿ.

ಕಾರಿನ ಗಾಜು ಏರಿಸಿಕೊಂಡು ಹೋಗುವವರಿಗೆ ಇದು ಸಣ್ಣ ವಿಷಯ. ನಡೆಯುವವರಿಗೆ ಹಾಗಲ್ಲ.

ಅಶೋಕ ಸಾಲುಮರ ನೆಡಿಸಿದ ಅಂತ ನಾವೆಲ್ಲ ಪರೀಕ್ಷೆಯಲ್ಲಿ ಬರೆದು ಮಾರ್ಕ್ಸ್ ತಗೊಂಡಿದ್ದೀವಿ. ನಾವು ಏನು ನೆಡಿಸಿದ್ವಿ ಅಂತ ನಮ್ಮ ಮಕ್ಕಳು ಬರೀಬೇಕು? ಯೋಚನೆ ಮಾಡಿ.