ಊರಿದ್ದ ಸಿಪಾಯಿ
(ಬಾನುಲಿ ಭಾಷಣ)

ಮಕ್ಕಳ ಆಟಿಕೆಗಳ ಪ್ರಸ್ತಾಪ ಬಂದಾಗ ವಯಸ್ಸಾದವರು ಸಾಮಾನ್ಯವಾಗಿ ಎರಡು ಮಾತು ಆಡುವುದುಂಟು. ನಮ್ಮ ಕಾಲದ ಆಟಿಕೆಗಳೇ ಚೆನ್ನಾಗಿದ್ದವು ಎಂಬುದು ಒಂದು. ಈಗಿನ ಮಕ್ಕಳಿಗೆ ಆಡುವುದೇ ಬಾರದು ಎಂಬುದು ಇನ್ನೊಂದು. ಮೊದಲನೆಯದು ಮಮತೆಯ ಮಾತು, ಎರಡನೆಯದು ಮುನಿಸಿನ ಮಾತು. ಇವೆರಡನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ಆಟಿಕೆಗಳ ಪೈಕಿ ಒಂದನ್ನೇ, ಅಂದರೆ ಸಿಪಾಯಿ ಗೊಂಬೆಯನ್ನು, ಕೈಗೆತ್ತಿಕೊಂಡು ನೋಡಿದರೆ ನಮ್ಮ ಕಣ್ಣೆದುರಿಗೆ ಬದಲಾದದ್ದು ಏನು ಎಂಬುದು ಇನ್ನಷ್ಟು ತಿಳಿಯಾದೀತೆಂದು ನನಗೆ ತೋರುತ್ತದೆ.

ಹೊಸ ಆಟಿಕೆಯ ಮೋಹ ಇಂದಿನದಲ್ಲ. ಶೂದ್ರಕನ 'ಮೃಚ್ಛಕಟಿಕ' ನಾಟಕಕ್ಕೆ ಆ ಹೆಸರು ಬಂದದ್ದೇ ಒಂದು ಆಟಿಕೆಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ ಚಾರುದತ್ತನ ಮಗ ರೋಹಸೇನನಿಗೆ ತನ್ನ ಮಣ್ಣಿನ ಬಂಡಿ ಬೇಡವಾಗುತ್ತದೆ, ಅಳುತ್ತಾನೆ. ವಸಂತಸೇನೆ ತನ್ನ ಒಡವೆಗಳನ್ನೆಲ್ಲ ಬಿಚ್ಚಿ ಆ ಮಣ್ಣಿನ ಬಂಡಿಯೊಳಗೆ ತುಂಬುತ್ತಾಳೆ. ಬಡತನ, ಪ್ರೀತಿ, ರಾಜಕಾರಣ ಎಲ್ಲವೂ ಇರುವ ಆ ದೊಡ್ಡ ನಾಟಕದಲ್ಲಿ ಕಥೆಯ ಗಂಟು ಬೀಳುವುದು ಒಂದು ಮಗುವಿನ ಹಟದಿಂದ. ನೆರೆಮನೆಯ ಮಗುವಿನ ಕೈಯಲ್ಲಿ ಏನಿದೆಯೋ ಅದೇ ನಮ್ಮ ಮನೆಯ ಮಗುವಿಗೂ ಬೇಕು. ಆಟಿಕೆಗಳ ಇತಿಹಾಸವೆಲ್ಲ ಈ ಒಂದು ವಾಕ್ಯದಲ್ಲಿ ಅಡಗಿದೆ ಎಂದರೂ ಸಲ್ಲುತ್ತದೆ.

ನಾನು ಬೆಳೆದದ್ದು 1960ರ ದಶಕದ ಜಯನಗರದಲ್ಲಿ. 1948ರಲ್ಲಿ ಅಸ್ತಿಭಾರ ಕಂಡ ಆ ಬಡಾವಣೆ ಆಗಿನ್ನೂ ಅರ್ಧ ಊರು, ಅರ್ಧ ಬಯಲು. ಬೀದಿಗೆ ನಾಲ್ಕು ಮನೆ, ಉಳಿದವು ಖಾಲಿ ನಿವೇಶನಗಳು. ಯಾರಾದರೂ ಮನೆ ಕಟ್ಟಲು ತೊಡಗಿದರೆಂದರೆ ನಮಗೆ ಹಬ್ಬ. ಏಕೆಂದರೆ ಅವರು ತರಿಸಿದ ಮರಳಿನ ರಾಶಿ ನಮ್ಮ ಕೋಟೆ, ಜಲ್ಲಿಯ ರಾಶಿ ನಮ್ಮ ಬೆಟ್ಟ. ಆ ಕೋಟೆಯನ್ನು ಕಾಯಲು ಸೈನ್ಯ ಬೇಕಷ್ಟೆ? ಗಾಂಧಿ ಬಜಾರಿನಲ್ಲಿ ನವರಾತ್ರಿಗೆ ಮುಂಚೆ, ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಕಾರ್ತಿಕದ ಕೊನೆಯ ಸೋಮವಾರ, ಮಣ್ಣಿನ ಸಿಪಾಯಿಗಳು ಸಿಗುತ್ತಿದ್ದರು. ಕೆಂಪು ಅಂಗಿ, ಕಪ್ಪು ಟೋಪಿ, ಭುಜದ ಮೇಲೊಂದು ಬಂದೂಕು. ನಾಲ್ಕು ದಿನದ ಯುದ್ಧದಲ್ಲಿ ಬಂದೂಕು ಮುರಿಯುತ್ತಿತ್ತು, ವಾರದೊಳಗೆ ಟೋಪಿಯ ಬಣ್ಣ ಹೋಗುತ್ತಿತ್ತು. ಬಂದೂಕಿಲ್ಲದ ಸಿಪಾಯಿಯನ್ನು ನಾವು ಅಂಚೆಯವನನ್ನಾಗಿ ಮಾಡಿ ಉಳಿದವರಿಗೆ ಕಾಗದ ಹಂಚುವ ಕೆಲಸಕ್ಕೆ ಹಾಕುತ್ತಿದ್ದೆವು. ಸೈನ್ಯದ ಸಂಖ್ಯೆ ಸಾಲದೆ ಬಂದಾಗ ಬಿನಾಕಾ ಟೂತ್‌ಪೇಸ್ಟಿನ ಡಬ್ಬಿಯಲ್ಲಿ ಬರುತ್ತಿದ್ದ ಪುಟ್ಟ ಪ್ಲಾಸ್ಟಿಕ್ ಪ್ರಾಣಿಗಳೂ ಸೇರುತ್ತಿದ್ದವು. ಹುಣಸೆಬೀಜಗಳು ಕಾಲಾಳುಗಳಾಗಿ ಸಾಲು ನಿಲ್ಲುತ್ತಿದ್ದವು.

ಚನ್ನಪಟ್ಟಣದ ಗೊಂಬೆಗಳೂ ನಮ್ಮ ಪಡೆಯಲ್ಲಿ ಇದ್ದವು. ಆಲೆಮರದ ತುಂಡನ್ನು ತಿರುಗಿಸುತ್ತ ಕಡೆದು, ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಮೇಲೆ ತಾಳೆಗರಿಯಿಂದ ತಿಕ್ಕಿದರೆ ಮೆರುಗು. ಹೀಗೆ ತಿರುಗಿಸಿ ಕಡೆದ ವಸ್ತು ದುಂಡಗಿರಲೇಬೇಕು. ಆದ್ದರಿಂದ ಆ ಗೊಂಬೆಗೆ ಮೂಗಿಲ್ಲ, ಬೆರಳಿಲ್ಲ. ದುಂಡು ತಲೆ, ದುಂಡು ಮೈ. ತಲೆಯ ಮೇಲೆ ಟೋಪಿಯ ಬಣ್ಣ ಬಳಿದರೆ ಸಿಪಾಯಿ, ಹಣೆಗೆ ಕುಂಕುಮದ ಬೊಟ್ಟಿಟ್ಟರೆ ಮದುವಣಗಿತ್ತಿ. ಯಾರು ಏನಾಗಬೇಕೆಂಬುದರ ಬಹುಭಾಗವನ್ನು ಮಗುವಿಗೇ ಬಿಟ್ಟುಕೊಡುತ್ತಿದ್ದ ಗೊಂಬೆ ಅದು.

ಇಷ್ಟೆಲ್ಲ ಇದ್ದರೂ ನಮ್ಮ ಸಿಪಾಯಿಗೆ ನಿಜವಾದ ಸ್ಥಾನ ದೊರೆಯುತ್ತಿದ್ದುದು ನವರಾತ್ರಿಯಲ್ಲಿ. ಹಳೆಯ ಮೈಸೂರಿನ ಮನೆಗಳಲ್ಲಿ ಗೊಂಬೆ ಕೂರಿಸುವ ಕ್ರಮವನ್ನು ಕೇಳುಗರಲ್ಲಿ ಅನೇಕರು ಬಲ್ಲರು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳು, ಅವುಗಳ ಕೆಳಗೆ ದೇವರುಗಳು, ದಶಾವತಾರ. ಅದಕ್ಕೂ ಕೆಳಗೆ ಮದುವೆಯ ದಿಬ್ಬಣ, ಅಕ್ಕಿಬೇಳೆಗಳನ್ನು ಹರಡಿಕೊಂಡು ಕುಳಿತ ಶೆಟ್ಟಿ ಮತ್ತು ಶೆಟ್ಟಿತಿ, ಬುಟ್ಟಿ ಹೊತ್ತ ಹೆಂಗಸು, ಹಾವಾಡಿಗ, ಪಾಠ ಹೇಳುವ ಮೇಷ್ಟ್ರು. ಎಲ್ಲಕ್ಕೂ ಕೆಳಗೆ, ನೆಲದ ಮೇಲೆ, ತಟ್ಟೆಯಲ್ಲಿ ಚಿಗುರಿಸಿದ ರಾಗಿಯ ಪೈರೇ ಹೊಲ, ಕನ್ನಡಿಯ ಚೂರೇ ಕೆರೆ. ಅಲ್ಲಿಯೇ ಜಂಬೂಸವಾರಿಯ ಮೆರವಣಿಗೆ: ಆನೆ, ಅಶ್ವದಳ, ಬ್ಯಾಂಡು, ಪದಾತಿಗಳು. ಆ ಅಶ್ವದಳದ ಅಸಲು ಸವಾರರು, ಅಂದರೆ ಮೈಸೂರು ಸಂಸ್ಥಾನದ ಕುದುರೆಯ ಪಡೆಯವರು, 1918ರ ಸೆಪ್ಟೆಂಬರ್ 23ರಂದು ದೂರದ ಹೈಫಾ ನಗರದಲ್ಲಿ ಜೋಧಪುರದ ಸವಾರರೊಡನೆ ಕಾದಿ ಗೆದ್ದವರೆಂಬುದು ನಮಗೆ ಆಗ ಗೊತ್ತಿರಲಿಲ್ಲ. ನಮಗೆ ಗೊತ್ತಿದ್ದುದು ಇಷ್ಟೆ: ಸಿಪಾಯಿಯ ಎಡಕ್ಕೆ ಶೆಟ್ಟರ ಅಂಗಡಿ, ಬಲಕ್ಕೆ ರಾಗಿಯ ಹೊಲ, ಹಿಂದೆ ಮದುವೆಯ ಮನೆ. ಅವನು ಏನನ್ನು ಕಾಯುತ್ತಿದ್ದಾನೆ ಎಂದು ಯಾವ ಮಗುವೂ ಕೇಳುವ ಅಗತ್ಯವಿರಲಿಲ್ಲ. ಅದು ಕಣ್ಣಿಗೆ ಕಾಣುತ್ತಿತ್ತು. ಆ ಸಿಪಾಯಿಗೆ ಒಂದು ಊರು ಇತ್ತು.

ಈ ಮಾತಿನ ತೂಕ ನನಗೆ ತಿಳಿದದ್ದು ಬೇರೊಂದು ಸಂದರ್ಭದಲ್ಲಿ. ನಮ್ಮ ಬೀದಿಯ ಕೊನೆಯಲ್ಲಿದ್ದವರನ್ನು ಮಕ್ಕಳೆಲ್ಲ ಮೂಲೆಮನೆ ಅತ್ತೆ ಎಂದು ಕರೆಯುತ್ತಿದ್ದೆವು. ಅವರ ಹಿರಿಯ ಮಗ ಸೈನ್ಯಕ್ಕೆ ಸೇರಿದ್ದರು. ರಜೆಗೆ ಬಂದಾಗ ನಮ್ಮ ಮರಳಿನ ಕೋಟೆಯ ಬಳಿ ಕುಕ್ಕುರುಗಾಲಲ್ಲಿ ಕುಳಿತು, ಕಾವಲಿನವರನ್ನು ಎಲ್ಲಿ ನಿಲ್ಲಿಸಬೇಕೆಂದು ಹೇಳಿಕೊಡುತ್ತಿದ್ದರು. 1971ರ ಡಿಸೆಂಬರ್ 3ರಂದು ಮೊದಲಾದ ಯುದ್ಧ 16ರಂದು ಮುಗಿಯಿತು. ಊರೆಲ್ಲ ಗೆಲುವಿನ ಸುದ್ದಿಯಲ್ಲಿದ್ದಾಗ ಮೂಲೆಮನೆಗೆ ತಂತಿ ಬಂತು. ಮರುವರ್ಷ ಆ ಮನೆಯಲ್ಲಿ ಹಬ್ಬವಿಲ್ಲ. 1973ರ ನವರಾತ್ರಿಯಲ್ಲಿ ಅತ್ತೆ ಮತ್ತೆ ಗೊಂಬೆ ಕೂರಿಸಿದರು. ಸಂಜೆ ಚರುಪಿಗೆ ಹೋದ ಮಕ್ಕಳೆಲ್ಲ ಅದನ್ನು ಕಂಡೆವು: ಅವರ ಮಗ ಚಿಕ್ಕಂದಿನಲ್ಲಿ ಆಡಿದ್ದ ಆರು ಮಣ್ಣಿನ ಸಿಪಾಯಿಗಳಲ್ಲಿ ಐವರು ಎಂದಿನಂತೆ ಮೆರವಣಿಗೆಯಲ್ಲಿದ್ದರು, ಆರನೆಯವನು ಸಾಲು ಬಿಟ್ಟು, ಕೆಳಗಿನ ಊರಿನಲ್ಲಿ ಒಂದು ಪುಟ್ಟ ಮನೆಯ ಬಾಗಿಲಲ್ಲಿ, ಮನೆಯ ಕಡೆಗೆ ಮುಖ ಮಾಡಿ ನಿಂತಿದ್ದ. ಯಾರೂ ಏನನ್ನೂ ಕೇಳಲಿಲ್ಲ. ಅವರು ಎಲ್ಲರ ಕೈಗೂ ಕಡಲೆಕಾಳಿನ ಉಸಲಿ ಹಾಕಿ ಕಳುಹಿಸಿದರು. ಮುಂದೆ ಅವರು ಗೊಂಬೆ ಕೂರಿಸಿದ ವರ್ಷಗಳಲ್ಲೆಲ್ಲ ಆ ಸಿಪಾಯಿಯ ಜಾಗ ಅದೇ ಆಗಿತ್ತು.

ಸಿಪಾಯಿಯ ಗೊಂಬೆಗಳೆಲ್ಲ ಇಂಥವೇ ಎಂದು ನಾನು ಹೇಳುತ್ತಿಲ್ಲ. ನಮ್ಮ ನಾಡಿನಲ್ಲಿಯೇ ಹುಟ್ಟಿ ಜಗತ್ಪ್ರಸಿದ್ಧವಾದ ಇನ್ನೊಂದು ಆಟಿಕೆ ಉಂಟು. ಟಿಪ್ಪು ಸುಲ್ತಾನನಿಗಾಗಿ ಮಾಡಿದ ಮರದ ಹುಲಿ ಅದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಇಂಗ್ಲಿಷರ ಕೈಸೇರಿ, ಈಗ ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬಿದ್ದಿರುವ ಯುರೋಪಿಯನ್ನನೊಬ್ಬನ ಮೇಲೆ ಹುಲಿ ನಿಂತಿದೆ. ಪಕ್ಕದ ಹಿಡಿಯನ್ನು ತಿರುಗಿಸಿದರೆ ಅವನ ಕೈ ಮೇಲೇಳುತ್ತದೆ, ಅವನು ನರಳುತ್ತಾನೆ, ಹುಲಿ ಗುರುಗುಟ್ಟುತ್ತದೆ. ಕುಶಲತೆಯ ದೃಷ್ಟಿಯಿಂದ ಅದು ಅದ್ಭುತ ವಸ್ತು. ಆದರೆ ಅಲ್ಲಿರುವವರು ಇಬ್ಬರೇ: ಕೊಲ್ಲುವವನು ಮತ್ತು ಸಾಯುವವನು. ಅದು ದೊರೆಯ ಆಟಿಕೆ. ದೊರೆಗೆ ಆ ಹೊತ್ತಿನಲ್ಲಿ ಶತ್ರುವಲ್ಲದೆ ಬೇರೇನೂ ಕಾಣದಿದ್ದುದು ಸಹಜವೇ ಇರಬಹುದು. ಮಕ್ಕಳ ಆಟಿಕೆಯೂ ಇದೇ ಜಾಡು ಹಿಡಿದದ್ದು ಬಹಳ ತಡವಾಗಿ, ಬೇರೊಂದು ದೇಶದಲ್ಲಿ.

1964ರಲ್ಲಿ ಅಮೆರಿಕದ ಹ್ಯಾಸ್ಬ್ರೋ ಎಂಬ ಕಂಪನಿ ಜಿ.ಐ. ಜೋ ಎಂಬ ಸಿಪಾಯಿ ಗೊಂಬೆಯನ್ನು ಮಾರಾಟಕ್ಕೆ ತಂದಿತು. ಸುಮಾರು ಒಂದು ಅಡಿ ಎತ್ತರ, ಮಡಿಸಬಹುದಾದ ಕೈಕಾಲು. ಗೊಂಬೆಯೆಂದು ಕರೆದರೆ ಗಂಡುಹುಡುಗರು ಮುಟ್ಟಲಾರರೆಂಬ ಅಂಜಿಕೆಯಿಂದ ಅದಕ್ಕೆ 'ಆಕ್ಷನ್ ಫಿಗರ್' ಎಂಬ ಹೊಸ ಹೆಸರನ್ನು ಹುಟ್ಟಿಸಿದರು. ನಮ್ಮ ಭಾಷೆಯಲ್ಲಿ ದೇವರೂ ಗೊಂಬೆ, ದೊರೆಯೂ ಗೊಂಬೆ, ಪರದೆಯ ಮೇಲೆ ಕುಣಿಯುವ ತೊಗಲಿನ ಭೀಮನೂ ಗೊಂಬೆ. ಇಂಥ ಸಂಕೋಚಕ್ಕೆ ಇಲ್ಲಿ ಎಡೆಯಿರಲಿಲ್ಲ. ವಿಯೆಟ್ನಾಂ ಯುದ್ಧ ಅಲ್ಲಿನ ಜನಕ್ಕೆ ಕಹಿಯಾದಾಗ, 1970ರಲ್ಲಿ, ಈ ಸಿಪಾಯಿ ಸಮವಸ್ತ್ರ ಕಳಚಿ ಸಾಹಸಿಗನ ವೇಷ ತೊಟ್ಟ. 1982ರಲ್ಲಿ ನಾಲ್ಕು ಅಂಗುಲಕ್ಕೂ ಕಡಮೆ ಎತ್ತರದವನಾಗಿ ಮರಳಿ ಬಂದ. ಈ ಸಲ ಒಬ್ಬೊಬ್ಬನಿಗೂ ಒಂದೊಂದು ಹೆಸರು, ಕೈಗೊಂದು ಆಯುಧ, ಡಬ್ಬಿಯ ಹಿಂದೆ ಅಚ್ಚಾದ ಜೀವನಚರಿತ್ರೆ. ಜೊತೆಗೆ ಕೋಬ್ರಾ ಎಂಬ ಸಿದ್ಧಶತ್ರುಗಳ ಒಂದು ಬಣ. ಎಂ.ಆರ್.ಎಫ್. ಮತ್ತು ಹ್ಯಾಸ್ಬ್ರೋ ಕೂಡಿ ಕಟ್ಟಿದ ಫನ್‌ಸ್ಕೂಲ್ ಕಂಪನಿಯ ಮೂಲಕ ಇದೇ ಗೊಂಬೆ ನಮ್ಮ ದೇಶದಲ್ಲಿಯೂ ತಯಾರಾಗತೊಡಗಿತು; 1990ರ ದಶಕದ ಹೊತ್ತಿಗೆ ಜಯನಗರದ ನಾಲ್ಕನೆಯ ಬ್ಲಾಕಿನವರೆಗೂ ಬಂದಿತ್ತು.

ನಮ್ಮ ಮನೆಗೂ ಬಂದಿತು. ಪಕ್ಕದ ಮನೆಯ ಹುಡುಗನಲ್ಲಿ ಎರಡು ಇದ್ದುವಾದ್ದರಿಂದ ನನ್ನ ಮಗನಿಗೂ ಬೇಕಾಯಿತು. ರೋಹಸೇನ ಎಲ್ಲಿ ಸಾಯುತ್ತಾನೆ? ನಾನು ಆ ಡಬ್ಬಿಯ ಹಿಂದಿನ ಬರಹವನ್ನು ಓದಿ ನೋಡಿದೆ. ಆ ಸಿಪಾಯಿ ಯಾವ ಆಯುಧದಲ್ಲಿ ಪಳಗಿದವನು, ಸ್ವಭಾವ ಎಂಥದು, ಎಲ್ಲವೂ ಅಲ್ಲಿತ್ತು. ಮಗುವಿಗೆ ಉಳಿದದ್ದು ಯುದ್ಧವೊಂದೇ. ಆದರೂ ಮಕ್ಕಳ ಪ್ರತಿಭೆಯನ್ನು ಅಷ್ಟು ಸುಲಭವಾಗಿ ಕಟ್ಟಿಹಾಕಲಾಗದು. ಆ ನವರಾತ್ರಿಯಲ್ಲಿ ನನ್ನ ಹೆಂಡತಿ ಗೊಂಬೆ ಕೂರಿಸುತ್ತಿದ್ದಾಗ ಮಗ ತನ್ನ ಕಮಾಂಡೋನನ್ನು ತಂದು ಶೆಟ್ಟರ ಅಂಗಡಿಯ ಮುಂದೆ ನಿಲ್ಲಿಸಿದ. ಅವನು ಅಲ್ಲೇನು ಮಾಡುತ್ತಿದ್ದಾನೆ ಎಂದು ಕೇಳಿದ್ದಕ್ಕೆ, "ಅವರಮ್ಮ ಸಕ್ಕರೆ ತರಕ್ಕೆ ಕಳಿಸಿದಾರೆ" ಎಂದ. ಅಚ್ಚಾದ ಜೀವನಚರಿತ್ರೆಯಲ್ಲಿ ತಾಯಿಯ ಪ್ರಸ್ತಾಪವೇ ಇರಲಿಲ್ಲ. ಮೆಟ್ಟಿಲ ಮೇಲೆ ನಿಂತ ಕೂಡಲೆ ಅವನಿಗೆ ತಾಯಿ ದೊರೆತಳು, ಅಂಗಡಿ ದೊರೆಯಿತು, ಊರು ದೊರೆಯಿತು.

ಈಗ ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳ ಮನೆಗಳಲ್ಲಿ ಬೆಳೆಯುತ್ತಿರುವ ಹುಡುಗರ ಸಿಪಾಯಿ ಗಾಜಿನ ಪರದೆಯೊಳಗೆ ಇದ್ದಾನೆ. 2018ರಲ್ಲಿ ಮೊಬೈಲಿಗೆ ಬಂದು ಮನೆಮಾತಾದ, 2020ರ ಸೆಪ್ಟೆಂಬರಿನಲ್ಲಿ ನಮ್ಮ ಸರಕಾರ ನಿಷೇಧಿಸಿದ, ಮರುವರ್ಷ ಬೇರೆ ಹೆಸರಿನಲ್ಲಿ ಹಿಂತಿರುಗಿದ ಪಬ್‌ಜಿ ಆಟದ ನಿಯಮವನ್ನು ಬಿಡುವಿನಲ್ಲಿ ಒಬ್ಬ ಹುಡುಗನಿಂದ ಕೇಳಿ ತಿಳಿದುಕೊಂಡೆ. ನೂರು ಜನ ಒಂದು ನಿರ್ಜನವಾದ ದ್ವೀಪಕ್ಕೆ ಇಳಿಯುತ್ತಾರೆ. ಕೊನೆಗೆ ಉಳಿದವನು ಗೆದ್ದ. ಅಲ್ಲಿ ಮನೆಗಳಿವೆ, ಆದರೆ ಒಳಗೆ ಯಾರೂ ವಾಸವಿಲ್ಲ. ಆಯುಧ ಹುಡುಕುವುದಕ್ಕಷ್ಟೇ ಮನೆ. ಆ ಸಿಪಾಯಿ ಕಾಯಬೇಕಾದ್ದು ತನ್ನ ಜೀವವನ್ನು, ಅಥವಾ ತನ್ನ ತಂಡದ ಮೂರು ನಾಲ್ಕು ಜೀವಗಳನ್ನು. ಕೈಚಳಕ, ಎಚ್ಚರ, ಗೆಳೆಯರ ಸಹಕಾರ ಇವೆಲ್ಲ ಆ ಆಟದಲ್ಲಿ ಉಂಟೆಂದು ಹುಡುಗ ವಾದಿಸಿದ, ನಾನು ಒಪ್ಪುತ್ತೇನೆ. ಆದರೆ ನನ್ನ ಮಗ ಮಾಡಿದಂತೆ ಆ ಸಿಪಾಯಿಯನ್ನು ಎತ್ತಿ ತಂದು ಶೆಟ್ಟರ ಅಂಗಡಿಯ ಮುಂದೆ ನಿಲ್ಲಿಸಲು ಬರುವುದಿಲ್ಲ. ಅವನು ಗಾಜಿನಿಂದ ಈಚೆಗೆ ಬಾರ.

ಇದಕ್ಕೆ ಪರಿಹಾರ ಹಳೆಯ ಆಟಿಕೆಗಳಿಗೆ ಮರಳುವುದು ಎಂದು ಕೆಲವರು ಹೇಳುತ್ತಾರೆ. ಆಟಿಕೆಗಳ ಗುಣಮಟ್ಟಕ್ಕೆ 2021ರ ಜನವರಿಯಿಂದ ಕೇಂದ್ರ ಸರಕಾರದ ಕಟ್ಟಳೆ ಬಂದಿದೆ, ಹೊರದೇಶದ ಆಟಿಕೆಗಳ ಮೇಲಿನ ಸುಂಕ ಏರಿದೆ. ಮರದ ಗೊಂಬೆಗಳಿಗೆ ಹೆಸರಾದ ಕಿನ್ನಾಳ ಇರುವ ಕೊಪ್ಪಳ ಜಿಲ್ಲೆಯಲ್ಲಿಯೇ ಆಟಿಕೆಗಳ ದೊಡ್ಡ ಕೈಗಾರಿಕಾ ನೆಲೆಯೊಂದು ರೂಪುಗೊಂಡಿದೆ. ಕುಶಲಕರ್ಮಿಗಳಿಗೂ ಕೆಲಸಗಾರರಿಗೂ ಇವುಗಳಿಂದ ಒಳ್ಳೆಯದಾದರೆ ಸಂತೋಷ. ಆದರೆ ಗೊಂಬೆ ಮಣ್ಣಿನದೋ ಮರದ್ದೋ ಪ್ಲಾಸ್ಟಿಕ್ಕಿನದೋ ಎಂಬುದು ನನ್ನ ಪ್ರಶ್ನೆಯಲ್ಲ. ಸಿಪಾಯಿಯ ಗೊಂಬೆಯನ್ನು ಮಕ್ಕಳ ಕೈಗೆ ಕೊಡಲೇಬಾರದೆಂಬ ಅಹಿಂಸಾವಾದಿಗಳ ಪಕ್ಷವೂ ನನ್ನದಲ್ಲ. ಸಿಪಾಯಿಗಳಿಲ್ಲದ ಲೋಕವನ್ನು ನಾವು ಕಟ್ಟಿಲ್ಲವಾದ್ದರಿಂದ ಮಕ್ಕಳು ಅವರನ್ನು ಆಟದಲ್ಲಿ ಕಂಡೇ ಕಾಣುತ್ತಾರೆ. ಅವನಿಗೆ ಹಿಂದೆ ಒಂದು ಮನೆಯಿದೆ, ಅವನು ಬಾರದಿದ್ದರೆ ಅಲ್ಲಿ ಹಬ್ಬ ನಿಲ್ಲುತ್ತದೆ ಎಂಬುದು ಆ ಆಟದೊಳಗೇ ಮಗುವಿಗೆ ತಿಳಿಯಬೇಕು. ಮೂಲೆಮನೆ ಅತ್ತೆಯ ಮೆಟ್ಟಿಲುಗಳು ನಮ್ಮ ಬೀದಿಯ ಮಕ್ಕಳಿಗೆ ಒಂದು ಮಾತೂ ಆಡದೆ ಅದನ್ನು ತಿಳಿಸಿದ್ದವು.

ಬೆಂಗಳೂರಿನ ದಕ್ಷಿಣ ಭಾಗದ ಮನೆಗಳಲ್ಲಿ ಈಗಲೂ ಗೊಂಬೆ ಕೂರಿಸುವವರು ಕಡಮೆಯಿಲ್ಲ. ಆದರೆ ಗೊಂಬೆಗಳು ಬೆಲೆಬಾಳುವಂಥವಾದಷ್ಟೂ "ಮುಟ್ಟಬೇಡ" ಎಂಬ ಮಾತು ಹೆಚ್ಚುತ್ತಿದೆ. ಇಂಥ ಮನೆಗಳವರಲ್ಲಿ ನನ್ನದೊಂದು ವಿನಂತಿ. ಮೇಲಿನ ಮೆಟ್ಟಿಲುಗಳನ್ನು ಸಂಪ್ರದಾಯದಂತೆ ತಾವೇ ಜೋಡಿಸಿರಿ. ಕೆಳಗಿನ ಊರನ್ನು ಮಾತ್ರ ಮಕ್ಕಳಿಗೆ ಬಿಟ್ಟುಕೊಡಿರಿ. ಅವರು ತರುವ ಕಾರು, ರೋಬೋಟು, ಮುರಿದ ಕಮಾಂಡೋ ಏನೇ ಇರಲಿ, ಅಲ್ಲಿ ನಿಲ್ಲಲಿ. ಯಾರು ಎಲ್ಲಿಗೆ ಹೊರಟಿದ್ದಾರೆಂದು ಒಮ್ಮೆ ಕೇಳಿರಿ. ಉತ್ತರವನ್ನು ಅವರೇ ಹೇಳುತ್ತಾರೆ.